ತೊಗಲಿನ ದಾರಿಯಲ್ಲಿ ಬಂದ ಸಭೆ

ಒಂಗೋಲಿನ ಬ್ಯಾಪ್ಟಿಸ್ಟ್ ಸಭೆಯ ಕಥೆ ಹೇಳುವವರು ಸಾಮಾನ್ಯವಾಗಿ ಊರ ಪಕ್ಕದ ಗುಡ್ಡದಿಂದ ಶುರುಮಾಡುತ್ತಾರೆ. 1854ರ ಜನವರಿ 1ರ ನಸುಕಿನಲ್ಲಿ ಲೈಮನ್ ಜ್ಯೂವೆಟ್ ಎಂಬ ಅಮೆರಿಕದ ಮಿಷನರಿ, ಅವರ ಹೆಂಡತಿ, ಮೂವರು ತೆಲುಗು ಕ್ರೈಸ್ತರು ಆ ಗುಡ್ಡ ಹತ್ತಿದರು. ಒಟ್ಟು ಐದೇ ಜನ. ಕೆಳಗೆ ಹರಡಿದ್ದ ಸೀಮೆಗೆ ಒಬ್ಬ ಬೋಧಕನನ್ನು ಕಳಿಸಿಕೊಡು ಎಂದು ದೇವರನ್ನು ಬೇಡಿಕೊಂಡರು. ಆ ಗುಡ್ಡಕ್ಕೆ ಪ್ರಾರ್ಥನೆಯ ಗುಡ್ಡ ಎಂಬ ಹೆಸರೇ ನಿಂತಿತು. ಹನ್ನೆರಡು ವರ್ಷಗಳ ಮೇಲೆ ಬೋಧಕನೂ ಬಂದ. ಮಿಷನ್ ಪುಸ್ತಕಗಳು ಈ ಘಟನೆಯನ್ನು ಮತ್ತೆ ಮತ್ತೆ ಹೇಳಿವೆ, ಹೇಳಲು ತಕ್ಕದ್ದೂ ಹೌದು. ಆದರೆ ಸಭೆ ಬೆಳೆದದ್ದು ಗುಡ್ಡದ ಮೇಲಿನಿಂದ ಇಳಿದು ಅಲ್ಲ. ಹಳ್ಳಿಯಿಂದ ಹಳ್ಳಿಗೆ ಹಸಿ ತೊಗಲು ಕೊಳ್ಳುತ್ತ, ಹದಮಾಡಿ ಮಾರುತ್ತ ತಿರುಗುತ್ತಿದ್ದ ಮಾದಿಗರ ಕಾಲುದಾರಿಗಳಲ್ಲಿ ಅದು ಬೆಳೆಯಿತು. ಅದರ ಮೊದಲ ಹದಿನೈದು ವರ್ಷಗಳನ್ನು ಆ ದಾರಿಯಿಂದಲೇ ನೋಡಬೇಕು.

ಕನ್ನಡಕ್ಕೆ ಬ್ಯಾಪ್ಟಿಸ್ಟರ ಪರಿಚಯ ಹಳೆಯದು. 1817ರಲ್ಲಿ ಸೆರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟರು. ಇಂಗ್ಲೆಂಡಿನಲ್ಲಿದ್ದಾಗ ಪಾದರಕ್ಷೆ ಹೊಲಿದು ಬದುಕಿದವರು. ಆದರೆ ಕನ್ನಡ ಸೀಮೆಯಲ್ಲಿ ನೆಲೆಯೂರಿದ್ದು ಬೇರೆ ಪಂಗಡಗಳು: ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮಂಗಳೂರು ಧಾರವಾಡಗಳಲ್ಲಿ ಬಾಸೆಲ್, ಮೈಸೂರಿನಲ್ಲಿ ವೆಸ್ಲಿಯನ್. ಪಕ್ಕದ ತೆಲುಗು ಸೀಮೆಯ ಕರಾವಳಿಯ ಒಂದು ಭಾಗ ಅಮೆರಿಕದ ಬ್ಯಾಪ್ಟಿಸ್ಟರ ಪಾಲಿಗೆ ಬಂತು. ಈ ಪಂಗಡದವರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದವರು ತಾವಾಗಿ ಕೇಳಬೇಕು, ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಬಾಯಿಬಿಟ್ಟು ಹೇಳಬೇಕು, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಪ್ರತಿ ಸಭೆಯೂ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುತ್ತದೆ. ಮೇಲೆ ಬಿಷಪ್ ಇಲ್ಲ. ಊರ ಹೊರಗಿನ ಕೇರಿಯಲ್ಲಿದ್ದು, ಯಾವ ಮಾತಿಗೂ ಯಾರೂ ಒಪ್ಪಿಗೆ ಕೇಳದ ಜನರ ನಡುವೆ ಈ ನಿಯಮಗಳಿಗೆ ಬೇರೆಯೇ ತೂಕ ಬರಲಿತ್ತು.

ಮೊದಲ ಕಾಲು ಶತಮಾನ ಮಾತ್ರ ಬರಡು. ಸ್ಯಾಮ್ಯುಯೆಲ್ ಡೇ 1836ರಲ್ಲಿ ಭಾರತಕ್ಕೆ ಬಂದು, ಅಲ್ಲಿ ಇಲ್ಲಿ ಅಲೆದು, 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ಕೈಗೆ ಸಿಕ್ಕವರು ಬೆರಳೆಣಿಕೆಯ ಜನ. 1853ರಲ್ಲಿ ಅಮೆರಿಕದ ಆಲ್ಬನಿಯಲ್ಲಿ ಸೇರಿದ ಮಿಷನ್ ಸಭೆಯಲ್ಲಿ ಈ ಕೆಲಸವನ್ನು ಮುಚ್ಚಿಬಿಡುವ ಮಾತು ಬಂತು. ಯಾರೋ ನಕ್ಷೆಯ ಮೇಲೆ ನೆಲ್ಲೂರನ್ನು ತೋರಿಸಿ ಒಂಟಿ ನಕ್ಷತ್ರ ಎಂದರು. ಸ್ಯಾಮ್ಯುಯೆಲ್ ಸ್ಮಿತ್ ಎಂಬ ಪಾದ್ರಿ, ಅಮೆರಿಕದ ಹೆಸರಾಂತ ದೇಶಭಕ್ತಿಗೀತೆಯೊಂದನ್ನು ಬರೆದವರು, ರಾತ್ರೋರಾತ್ರಿ ಅದರ ಮೇಲೆ ಪದ್ಯ ಕಟ್ಟಿದರು. ಮಿಷನ್ ಉಳಿಯಿತು. 1862ರಲ್ಲಿ ಮುಚ್ಚುವ ಮಾತು ಮತ್ತೆ ಎದ್ದಾಗ ಜ್ಯೂವೆಟ್ ತಾವೊಬ್ಬರೇ ಆದರೂ ಹಿಂದಿರುಗುವೆನೆಂದು ಹಟ ಹಿಡಿದರು. ಅವರ ಜೊತೆಗೆಂದು ಸಿಕ್ಕ ಯುವಕನೇ ಜಾನ್ ಎವರೆಟ್ ಕ್ಲಫ್. 1836ರಲ್ಲಿ ಹುಟ್ಟಿ, ಅಯೋವಾದಲ್ಲಿ ಬೆಳೆದು, ಹರೆಯದಲ್ಲಿ ಮಿನ್ನೆಸೋಟದ ಕಾಡುಗಳಲ್ಲಿ ಭೂಮಾಪನದ ತಂಡದೊಂದಿಗೆ ಸರಪಳಿ ಎಳೆದವರು. 1865ರಲ್ಲಿ ಬಂದರು, ಮರುವರ್ಷ ಸೆಪ್ಟೆಂಬರಿನಲ್ಲಿ ಒಂಗೋಲಿಗೆ ಬಿಡಾರ ಬದಲಿಸಿದರು.

ಅಷ್ಟರಲ್ಲಿ ಒಂಗೋಲಿನಿಂದ ನಲವತ್ತು ಮೈಲಿ ಆಸುಪಾಸಿನ ತಾಳ್ಳಕೊಂಡಪಾಡು ಎಂಬ ಹಳ್ಳಿಯಲ್ಲಿ ಕೆಲಸ ಆಗಲೇ ಶುರುವಾಗಿತ್ತು. ಶುರುಮಾಡಿದವರು ಯರ್ರಗುಂಟ್ಲ ಪೇರಯ್ಯ.

ಪೇರಯ್ಯ ಮಾದಿಗರು, ತೊಗಲಿನ ವ್ಯಾಪಾರಿ. ಅಕ್ಷರ ಬಾರದಿದ್ದರೂ ಜ್ಞಾನದ ಹಸಿವಿದ್ದವರು. ಆ ಸೀಮೆಯ ಕೇರಿಗಳಲ್ಲಿ ಆಗ ರಾಜಯೋಗದ ಗುರುಗಳು ಸಂಚರಿಸುತ್ತಿದ್ದರು. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ, ಅವನನ್ನು ಕಲ್ಲಿನಲ್ಲಿ ಹುಡುಕಬೇಡ ಎಂಬುದು ಅವರ ಬೋಧೆ. ಕಾಲಜ್ಞಾನದಿಂದಾಗಿ ಕನ್ನಡಿಗರಿಗೂ ಗೊತ್ತಿರುವ ಪೋತುಲೂರಿ ವೀರಬ್ರಹ್ಮಂ ಅವರ ಪರಂಪರೆ ಆ ಭಾಗದಲ್ಲಿ ಜೀವಂತವಾಗಿತ್ತು. ನಾಸರಯ್ಯ ಎಂಬ ಯೋಗಿಯ ಅನುಯಾಯಿಗಳೂ ಇದ್ದರು. ಪೇರಯ್ಯ ಉಪದೇಶ ಪಡೆದದ್ದು ವೀರಮ್ಮ ಎಂಬ ಹೆಣ್ಣು ಗುರುವಿನಿಂದ. ಮೇಲುಜಾತಿಯ ದೇವಸ್ಥಾನದ ಹೊರಗೆ ನಿಲ್ಲಬೇಕಾಗಿದ್ದ ಮನುಷ್ಯನಿಗೆ ಕೇರಿಯೊಳಗೇ ನಿರಾಕಾರ ದೇವರ ಪಾಠ ಸಿಕ್ಕಿತ್ತು ಎಂಬುದನ್ನು ಮರೆತರೆ ಈ ಚರಿತ್ರೆ ಅರ್ಥವಾಗುವುದಿಲ್ಲ. ಬೈಬಲು ಬಂದದ್ದು ಖಾಲಿ ನೆಲಕ್ಕಲ್ಲ.

ತೊಗಲಿನ ವ್ಯಾಪಾರಕ್ಕೆಂದು ಪೇರಯ್ಯ ಉತ್ತರದ ಏಲೂರಿನವರೆಗೂ ಹೋಗುತ್ತಿದ್ದರು. ಕ್ರಿಸ್ತನ ಮಾತು ಮೊದಲು ಕಿವಿಗೆ ಬಿದ್ದದ್ದು ಆ ತಿರುಗಾಟದಲ್ಲಿ, ಬೇರೆ ಮಿಷನ್ನಿನವರ ಬಾಯಿಂದ. ತಮಗೆ ಹತ್ತಿರವಾಗುವಂತೆ ಒಂಗೋಲಿನಲ್ಲಿ ಒಬ್ಬರು ಬರಲಿದ್ದಾರೆ ಎಂದು ತಿಳಿದು, ಹೆಂಡತಿಯನ್ನು ಕರೆದುಕೊಂಡು ತಾವೇ ಅಲ್ಲಿಗೆ ಹೋದರು. 1866ರಲ್ಲಿ ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ಪಡೆದರು. ಮನೆಗೆ ಮರಳಿದ ಮೇಲೆ ನೆಂಟರಿಷ್ಟರಿಗೆ, ಸುತ್ತಲ ಹಳ್ಳಿಗಳ ವ್ಯಾಪಾರದ ಗೆಳೆಯರಿಗೆ ತಾವು ಕಂಡದ್ದನ್ನು ಹೇಳುತ್ತ ಹೋದರು.

1867ರ ಜನವರಿ 1ರಂದು ಒಂಗೋಲಿನಲ್ಲಿ ಸಭೆ ವಿಧಿವತ್ತಾಗಿ ಸ್ಥಾಪನೆಯಾಯಿತು. ಸದಸ್ಯರು ಎಂಟು ಜನ. ಅದೇ ತಿಂಗಳು ಪೇರಯ್ಯ ಕರೆಕಳಿಸಿದ್ದಕ್ಕೆ ಕ್ಲಫ್ ತಾಳ್ಳಕೊಂಡಪಾಡಿನ ಹತ್ತಿರ ಹುಣಸೆ ತೋಪಿನಲ್ಲಿ ಡೇರೆ ಹಾಕಿದರು. ಸುತ್ತಲ ಹಳ್ಳಿಗಳಿಂದ ಗಂಡಸರು ಹೆಂಗಸರು ನಾಲ್ಕೈದು ದಿನಕ್ಕಾಗುವ ಬುತ್ತಿ, ಉಟ್ಟು ಬದಲಿಸಲು ಬಟ್ಟೆ ಕಟ್ಟಿಕೊಂಡು ಬಂದು ಮರದ ಕೆಳಗೆ ಕುಳಿತರು. ನೀರಿಗಿಳಿಯುವ ತೀರ್ಮಾನ ಮಾಡಿಕೊಂಡೇ ಮನೆಬಿಟ್ಟಿದ್ದರು ಎಂಬುದಕ್ಕೆ ಆ ಬದಲಿ ಬಟ್ಟೆಯೇ ಸಾಕ್ಷಿ. ಐದು ದಿನ ಕೇಳಿದರು, ಪ್ರಶ್ನೆ ಕೇಳಿಸಿಕೊಂಡರು, ಉತ್ತರ ಕೊಟ್ಟರು. ಕೊನೆಗೆ 28 ಮಂದಿ ದೀಕ್ಷಾಸ್ನಾನ ಪಡೆದರು. ಎಂಟು ಜನರ ಪಟ್ಟಣದ ಸಭೆ ಹಳ್ಳಿಗರ ಸಭೆಯಾದದ್ದು ಆ ತೋಪಿನಲ್ಲಿ.

ಪಟ್ಟಣದಲ್ಲಿ ಇದಕ್ಕೆ ಬೆಲೆ ತೆರಬೇಕಾಯಿತು. ಕ್ಲಫ್ ದಂಪತಿಗಳ ಶಾಲೆಗೆ ಬ್ರಾಹ್ಮಣ ಮತ್ತು ಇತರ ಮೇಲುಜಾತಿಯ ಹುಡುಗರು ಬರುತ್ತಿದ್ದರು. ಅವರ ಮನೆಗಳವರು ಹೊಸ ಮತದ ಬಗ್ಗೆ ಆಸಕ್ತಿಯನ್ನೂ ತೋರಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಎಂದು ಅವರು ಖಂಡಿತವಾಗಿ ಹೇಳಿದರು. ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಬೈಬಲು ತೆರೆದಾಗ ಇಬ್ಬರ ಕಣ್ಣಿಗೂ ಬಿದ್ದದ್ದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಒಂದೇ ಭಾಗ, ಲೋಕ ಕೀಳೆಂದು ಎಣಿಸಿದವರನ್ನು ದೇವರು ಆರಿಸಿಕೊಂಡ ಎಂಬ ಅರ್ಥದ ಮಾತು ಎಂದು ಕ್ಲಫ್ ಮುಂದೆ ನೆನೆದಿದ್ದಾರೆ. ಮೇಲುಜಾತಿಯವರು ದೂರವಾದರು. ಈ ಪ್ರಸಂಗವನ್ನು ಮಿಷನರಿಯ ದೊಡ್ಡ ತೀರ್ಮಾನವೆಂದು ಕೊಂಡಾಡುವುದುಂಟು. ತೀರ್ಮಾನ ಹುಣಸೆ ತೋಪಿನಲ್ಲಿ ಆಗಿಹೋಗಿತ್ತು. ಅವರ ಮುಂದೆ ಉಳಿದಿದ್ದ ಪ್ರಶ್ನೆ ಬಾಗಿಲು ಮುಚ್ಚಬೇಕೇ ಬೇಡವೇ ಎಂಬುದೊಂದೇ. ಮುಚ್ಚಲಿಲ್ಲ ಎಂಬುದೇ ಅವರ ಹಿರಿಮೆ, ಅದು ಸಣ್ಣದಲ್ಲ.

ಸಭೆ ಸೇರುವವರಿಗೆ ಕ್ಲಫ್ ಇಟ್ಟ ಕಟ್ಟಳೆಗಳು ಮೂರು: ಭಾನುವಾರ ಕೆಲಸ ಮಾಡಬಾರದು, ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಕ್ಕೆ ಅಡ್ಡಬೀಳಬಾರದು. ಓದಲು ಸರಳ, ಆದರೆ ಒಂದೊಂದೂ ಹಳ್ಳಿಯ ಕಟ್ಟುಪಾಡಿನ ಬುಡಕ್ಕೇ ಕೈಹಾಕುವಂಥದ್ದು. ಮಾದಿಗರು ರೈತನಿಗೆ ಕಪಿಲೆಯ ತೊಗಲ ಚೀಲ, ಮಿಣಿ, ಚಪ್ಪಲಿ ಮಾಡಿಕೊಡಬೇಕು, ಸುಗ್ಗಿಯಲ್ಲಿ ದುಡಿಯಬೇಕು, ಕರೆದಾಗ ಬಿಟ್ಟಿ ಚಾಕರಿಗೆ ಹೋಗಬೇಕು. ಪ್ರತಿಯಾಗಿ ಕಣದಲ್ಲಿ ಒಂದಿಷ್ಟು ಆಯ, ಸತ್ತ ದನದ ಮೇಲೆ ಹಕ್ಕು. ಇಂಥ ಬದುಕಿನಲ್ಲಿ ವಾರಕ್ಕೊಂದು ದಿನ ನನ್ನದು ಎನ್ನುವುದು ಕೇಳರಿಯದ ಮಾತು. ಊರ ಯಜಮಾನ ರೆಡ್ಡಿಗೂ ಲೆಕ್ಕ ಬರೆಯುವ ಕರಣಂಗೂ ಅದು ತಿರುಗಿಬಿದ್ದ ಹಾಗೆಯೇ ಕಂಡಿತು. ಸತ್ತ ದನ ಬಿಡುವುದೆಂದರೆ ಹಸಿದ ಮನೆಯಲ್ಲಿ ಪುಕ್ಕಟೆ ಸಿಗುವ ಊಟ ಬಿಡುವುದು. ಜಾತ್ರೆಯಲ್ಲಿ ಹಲಗೆ ಬಡಿಯಲು ಒಲ್ಲೆ ಎಂದರೆ ಊರ ದೇವತೆಯ ಮೆರವಣಿಗೆಯೇ ನಿಂತಂತೆ.

ಊರು ಸುಮ್ಮನಿರಲಿಲ್ಲ. ನೀರು ನಿಂತಿತು, ಕೆಲಸ ನಿಂತಿತು, ಕಳ್ಳತನದ ಸುಳ್ಳು ದೂರುಗಳು ಬಿದ್ದವು. ಹೊಡೆತ ತಿಂದವರು, ಠಾಣೆ ಕಂಡವರು ಅನೇಕರು. ಹೀಗಿದ್ದೂ ಹಿಂದೆ ಸರಿದವರಿಗಿಂತ ಹೊಸದಾಗಿ ಬಂದವರೇ ಹೆಚ್ಚು. ಕಾರಣ ಸಂಘಟನೆಯಲ್ಲಿದೆ. ಕೇರಿಯ ಹಿರಿಯರ ಪಂಚಾಯಿತಿಯನ್ನು ಕ್ಲಫ್ ಒಡೆಯಲಿಲ್ಲ, ಅದರ ಮೂಲಕವೇ ನಡೆದರು. ಮಾದಿಗರು ತಮ್ಮ ಗುರುವಿಗೆ ಅನ್ನವಿಟ್ಟು ಕಾಣಿಕೆ ಕೊಡುತ್ತಿದ್ದ ರೂಢಿಯೇ ಈಗ ಸಭೆಯ ತೆಲುಗು ಬೋಧಕನಾದ ಉಪದೇಶಿಗೆ ಸಂದಿತು. ಒಬ್ಬೊಬ್ಬ ಉಪದೇಶಿಗೆ ಹಲವಾರು ಹಳ್ಳಿ. ಮೂರು ತಿಂಗಳಿಗೊಮ್ಮೆ ಎಲ್ಲರೂ ಒಂಗೋಲಿನಲ್ಲಿ ಸೇರಿ ಕಷ್ಟಸುಖ ಹೇಳಿಕೊಂಡು, ಪಾಠ ಕಲಿತು ಮರಳುತ್ತಿದ್ದರು. 1872ರಲ್ಲಿ ರಾಮಪಟ್ನಂನಲ್ಲಿ ಬೋಧಕರ ಶಾಲೆಯೂ ತೆರೆಯಿತು. ಮನೆಮನೆಯೊಳಗೆ ಹೋಗಿ ಹೆಂಗಸರಿಗೆ ಬೋಧಿಸುವ ಕೆಲಸವನ್ನು ಬೈಬಲ್ ಸ್ತ್ರೀಯರೆಂದು ಕರೆಯುತ್ತಿದ್ದ ಬೋಧಕಿಯರು ಹೊತ್ತರು. ಇವರ ಪಾತ್ರವನ್ನು ಹಳೆಯ ವರದಿಗಳು ಒಂದೆರಡು ಸಾಲಿನಲ್ಲಿ ಮುಗಿಸಿವೆ. ಜೇಮ್ಸ್ ಎಲಿಷಾ ತಾನೇಟಿಯವರ 2013ರ ಅಧ್ಯಯನ ಆ ಕೊರತೆಯನ್ನು ತುಂಬಲು ಶ್ರಮಿಸಿದೆ. ಒಂದು ವಿಚಾರ ಮಾತ್ರ ಬ್ಯಾಪ್ಟಿಸ್ಟ್ ತತ್ತ್ವಕ್ಕೆ ಒಗ್ಗದೆ ಉಳಿಯಿತು. ನೂರಾರು ಹಳ್ಳಿಗಳ ಜನ ಲೆಕ್ಕಕ್ಕೆ ಒಂಗೋಲಿನ ಒಂದೇ ಸಭೆಯ ಸದಸ್ಯರು. ತನ್ನ ಆಡಳಿತವನ್ನು ತಾನೇ ನಡೆಸುವ ಹಕ್ಕು ಹಳ್ಳಿಯ ಸಭೆಗೆ ಬಹಳ ತಡವಾಗಿ ಬಂತು.

ಆಮೇಲೆ ಬರ. 1876ರಲ್ಲಿ ಶುರುವಾಗಿ 1878ರವರೆಗೆ ದಕ್ಷಿಣವನ್ನೆಲ್ಲ ಹಿಂಡಿದ ಧಾತು ಈಶ್ವರ ಸಂವತ್ಸರಗಳ ಬರ ಇದೇ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಒಂಗೋಲು ಸೀಮೆಯ ಕೇರಿಗಳ ಪಾಡೂ ಅದೇ. ಮದ್ರಾಸಿನಿಂದ ಕರಾವಳಿಗುಂಟ ಉತ್ತರಕ್ಕೆ ಸಾಗುವ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಸರ್ಕಾರ ಬರಪರಿಹಾರದ ಕಾಮಗಾರಿಯಾಗಿ ತೋಡಿಸುತ್ತಿತ್ತು. ಆ ಕೆಲಸಕ್ಕೆ ಹೋದ ಮಾದಿಗರಿಗೆ ಮೇಸ್ತ್ರಿಗಳ ಕಾಟ. ಕ್ಲಫ್‌ಗೆ ಹಳೆಯ ಭೂಮಾಪನದ ವಿದ್ಯೆ ಈಗ ನೆರವಿಗೆ ಬಂತು. ಮೂರೂವರೆ ಮೈಲಿಯ ತುಂಡನ್ನು ತಾವೇ ಗುತ್ತಿಗೆ ಹಿಡಿದು ರಾಜುಪಾಲೆಂನಲ್ಲಿ ಬಿಡಾರ ಕಟ್ಟಿಸಿದರು, ತಮ್ಮ ಉಪದೇಶಿಗಳನ್ನೇ ಉಸ್ತುವಾರಿಗೆ ನಿಲ್ಲಿಸಿದರು. ದುಡಿದವರಿಗೆ ಪೂರ್ತಿ ಕೂಲಿ ಕೈಸೇರಿತು. ದೂರದ ಹಳ್ಳಿಗಳಿಂದ ಬಂದ ಜನ ಹಗಲು ಮಣ್ಣು ಹೊತ್ತು, ಕೆಲಸದ ಬಿಡುವಿನಲ್ಲಿ ಉಪದೇಶಿಗಳ ಸುತ್ತ ಕುಳಿತರು. ದಣಿದವರೇ ನನ್ನ ಬಳಿಗೆ ಬನ್ನಿ ಎಂಬ ಯೇಸುವಿನ ಕರೆಯನ್ನು ಅವರು ಮತ್ತೆ ಮತ್ತೆ ಕೇಳಿಸಿಕೊಂಡರು.

ಸೇರಿಸಿಕೊಳ್ಳಿ ಎಂದವರಿಗೆ ಕ್ಲಫ್ ಇಲ್ಲ ಎಂದರು. ಪರಿಹಾರದ ಹಣ ಕೈಯಲ್ಲಿರುವಾಗ ದೀಕ್ಷಾಸ್ನಾನ ಕೊಟ್ಟರೆ ಅದಕ್ಕೆ ಅಪಾರ್ಥ ಬರುತ್ತದೆ ಎಂದು ಹದಿನೈದು ತಿಂಗಳು ಯಾರನ್ನೂ ನೀರಿಗಿಳಿಸಲಿಲ್ಲ. 1878ರ ಬೇಸಿಗೆ ಕಳೆದ ಮೇಲೆ, ಇನ್ನು ನೆರವು ಕೊಡಲು ಏನೂ ಉಳಿದಿಲ್ಲ, ವೆಲ್ಲಂಪಲ್ಲಿಗೆ ಉಪದೇಶಿಗಳು ಮಾತ್ರ ಬನ್ನಿ ಎಂದು ಹೇಳಿಕಳಿಸಿದರು. ಉಪದೇಶಿಗಳ ಹಿಂದೆ ಜನಸಾಗರವೇ ಬಂತು. ನಮಗೆ ದುಡ್ಡು ಬೇಡ, ಕಾಳು ಬೇಡ, ಸಭೆಗೆ ಸೇರಿಸಿಕೊಳ್ಳಿ ಎಂದು ಅವರು ಪಟ್ಟುಹಿಡಿದರು.

ಒಂಗೋಲಿನ ಉತ್ತರಕ್ಕೆ ಹತ್ತು ಮೈಲಿಯಲ್ಲಿ, ಗುಂಡ್ಲಕಮ್ಮ ನದಿಯ ದಂಡೆಯಲ್ಲಿರುವ ಊರು ವೆಲ್ಲಂಪಲ್ಲಿ. ಒಬ್ಬೊಬ್ಬರನ್ನೂ ಅವರವರ ಹಳ್ಳಿಯ ಉಪದೇಶಿ ಗುರುತು ಹಿಡಿದು ವಿಚಾರಿಸಿದ ಮೇಲೆ ಹೆಸರು ಬರೆದುಕೊಂಡರು. ಜುಲೈ 2ರಂದು 614 ಜನ, 3ರಂದು 2,222, 4ರಂದು 700. ನಡುವಿನ ದಿನ ಬೆಳಗಿನಿಂದ ಸಂಜೆಯವರೆಗೆ, ಮಧ್ಯಾಹ್ನದ ಬಿಡುವು ಬಿಟ್ಟು, ಆರು ಮಂದಿ ತೆಲುಗು ಪಾಸ್ಟರುಗಳು ಇಬ್ಬಿಬ್ಬರಂತೆ ನದಿಗಿಳಿದರು. ಇಬ್ಬರು ದಣಿದರೆ ಮತ್ತಿಬ್ಬರು. ದಡದಲ್ಲಿ ಗುಮಾಸ್ತರು ಹೆಸರು ಕೂಗುತ್ತಿದ್ದರು. ಕೂಗಿದಾಗ ಒಬ್ಬರು ನೀರಿಗೆ ಬರುತ್ತಿದ್ದರು, ಮತ್ತೊಬ್ಬರು ಮೇಲೇರುತ್ತಿದ್ದರು. ಕ್ಲಫ್ ಆ ದಿನ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಆ ಜೂನ್ ನಡುವಿನಿಂದ ವರ್ಷದ ಕೊನೆಗೆ 9,606 ಮಂದಿ ಸಭೆಗೆ ಸೇರಿದ್ದರು.

ಅನ್ನಕ್ಕಾಗಿ ಮತ ಬಿಟ್ಟರು ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಬರಕ್ಕೂ ಈ ಅಲೆಗೂ ಸಂಬಂಧವಿಲ್ಲ ಎನ್ನುವಂತಿಲ್ಲ. ಹಳ್ಳಿಯ ಯಜಮಾನ ಕೈಬಿಟ್ಟಾಗ ಯಾರು ಜೊತೆಗೆ ನಿಂತರು ಎಂಬುದನ್ನು ಜನ ಕಣ್ಣಾರೆ ಕಂಡಿದ್ದರು. ಆದರೆ ಕೂಲಿ ನಿಂತ ಮೇಲೆ ಬಂದವರನ್ನು, ಬಂದರೆ ಬಾವಿ ಮುಚ್ಚುತ್ತದೆಂದು ತಿಳಿದೂ ಬಂದವರನ್ನು, ಅದಕ್ಕೂ ಹತ್ತು ವರ್ಷ ಮೊದಲೇ ಬುತ್ತಿ ಕಟ್ಟಿಕೊಂಡು ತೋಪಿಗೆ ಬಂದವರನ್ನು ಈ ಟೀಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜಾನ್ ವೆಬ್‌ಸ್ಟರ್ ಅವರಂಥ ಇತಿಹಾಸಕಾರರು ಇದನ್ನು ದಲಿತರು ತಾವೇ ಮುನ್ನಡೆಸಿದ ಸಾಮೂಹಿಕ ಚಲನೆಯಾಗಿ ಓದಿದ್ದಾರೆ. ಪೇರಯ್ಯನವರ ದಾರಿಯನ್ನು ಬಲ್ಲವರಿಗೆ ಆ ಓದೇ ಸರಿಯೆನಿಸುತ್ತದೆ.

1882ರ ಹೊತ್ತಿಗೆ ಒಂಗೋಲು ಸಭೆಯ ಸದಸ್ಯರು 20 ಸಾವಿರ ಮೀರಿದ್ದರು. ಜಗತ್ತಿನ ಅತಿ ದೊಡ್ಡ ಬ್ಯಾಪ್ಟಿಸ್ಟ್ ಸಭೆ ಎಂಬ ಹೆಸರು ಬಂತು. ಅಷ್ಟು ದೊಡ್ಡದನ್ನು ಒಂದೆಡೆಯಿಂದ ನಡೆಸಲಾಗದೆ ಕಂಬಂ, ವಿನುಕೊಂಡ, ನರಸರಾವುಪೇಟೆ, ಬಾಪಟ್ಲ ಕ್ಷೇತ್ರಗಳನ್ನು ಬೇರೆ ಮಾಡಿದರು. ಕ್ಲಫ್ 1910ರಲ್ಲಿ ತೀರಿಕೊಂಡರು. ಅವರ ಎರಡನೆಯ ಹೆಂಡತಿ ಎಮ್ಮಾ ರೌಶೆನ್‌ಬುಶ್ ಕ್ಲಫ್ 1899ರಲ್ಲೇ ಮಾದಿಗ ಹಿರಿಯರಿಂದ ಕೇಳಿ ಬರೆದುಕೊಂಡ ಕಥನಗಳನ್ನು ಪುಸ್ತಕವಾಗಿ ತಂದಿದ್ದರು. ಮಾತಂಗಿ, ಎಲ್ಲಮ್ಮನ ಆಚರಣೆಗಳು, ರಾಜಯೋಗದ ಗುರುಗಳು, ಮೊದಲ ತಲೆಮಾರಿನವರ ನೆನಪುಗಳು ಎಲ್ಲವೂ ಅದರಲ್ಲಿವೆ. ಅದು ಬರೆದವರ ಕಾಲದ ಕಣ್ಣಿನಿಂದ ಬರೆದದ್ದು. ಆದರೂ ಕೇರಿಯ ದನಿ ಇಷ್ಟು ಹತ್ತಿರದಿಂದ ಕೇಳುವ ಆ ಕಾಲದ ಪುಸ್ತಕಗಳು ವಿರಳ, ಕನ್ನಡದ ಮಾದಿಗ ಚರಿತ್ರೆ ಬರೆಯುವವರೂ ಓದಬೇಕಾದದ್ದು.

ಆಡಳಿತ ಪೂರ್ತಿಯಾಗಿ ತೆಲುಗರ ಕೈಗೆ ಬರಲು ಇಪ್ಪತ್ತನೆಯ ಶತಮಾನದ ನಡುಭಾಗ ದಾಟಬೇಕಾಯಿತು. ತೆಲುಗು ಬ್ಯಾಪ್ಟಿಸ್ಟ್ ಸಭೆಗಳ ಸಮಾವೇಶಂ ರೂಪುಗೊಂಡದ್ದು 1962ರಲ್ಲಿ. ಅದಕ್ಕೂ ಮೊದಲೇ, 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರೂ ಕ್ರೈಸ್ತ ದಲಿತರು ಹೊರಗೇ ಉಳಿದರು. ಹೀಗಾಗಿ ಆ ಕೇರಿಗಳಲ್ಲಿ ಭಾನುವಾರ ಸಭೆಗೆ ಹೋಗುವ ಎಷ್ಟೋ ಕುಟುಂಬಗಳು ಕಾಗದಪತ್ರಗಳಲ್ಲಿ ಹಿಂದೂ ಎಂದೇ ಇವೆ, ಜನಗಣತಿಯ ಅಂಕಿಗಳನ್ನು ನೆಚ್ಚಿ ಈ ಸಭೆಗಳ ಇಂದಿನ ಗಾತ್ರವನ್ನು ಅಳೆಯಲು ಬರುವುದಿಲ್ಲ.