ಹೆಫ್ಸಿಬಾ: ಕೈಬಿಟ್ಟವಳಿಗೆ ದೇವರಿಟ್ಟ ಹೆಸರು

ಒಂದು ಧರ್ಮಕೇಂದ್ರದ ನೂರು ವರ್ಷಗಳ ಬಾಳನ್ನು ಅರಿಯಬಯಸುವವರು ದೇವಾಲಯದ ಗೋಡೆ ಗೋಪುರಗಳನ್ನು ನೋಡಿದರೆ ಸಾಲದು. ಜ್ಞಾನಸ್ನಾನದ ದಾಖಲೆ ಪುಸ್ತಕವನ್ನೂ ತೆರೆದು ನೋಡಬೇಕು. ಕಟ್ಟಡಗಳು ದಾನಿಗಳ ಔದಾರ್ಯವನ್ನು ಸಾರಿದರೆ, ಹೆಸರುಗಳು ತಂದೆತಾಯಿಗಳ ಮನಸ್ಸನ್ನು ಸಾರುತ್ತವೆ. ಆದುದರಿಂದ ಈ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಒಂದೇ ಒಂದು ಹೆಸರಿನ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಬಯಸುತ್ತೇವೆ. ಅದು ಇಬ್ರಿಯ ಭಾಷೆಯ ಹೆಸರು, ಹೆಣ್ಣುಮಗುವಿನ ಹೆಸರು, ಕಥೋಲಿಕರಲ್ಲಿ ಬಹು ವಿರಳವಾದ ಹೆಸರು: ಹೆಫ್ಸಿಬಾ.

ಇಬ್ರಿಯ ಹೆಸರುಗಳು ಕನ್ನಡ ನಾಡಿನ ಕ್ರೈಸ್ತರಿಗೆ ಹೊಸವಲ್ಲ. ಮರಿಯಮ್ಮ ಎಂಬುದರ ಮೂಲ ಮಿರ್ಯಾಮ್. ಅನ್ನಮ್ಮ ಎಂಬುದರ ಮೂಲ ಹನ್ನಾ, ಅಂದರೆ ಕೃಪೆ. ಸುಸನ್ನಾ ಎಂದರೆ ನೈದಿಲೆ. ಕೆಲವು ಹೆಸರುಗಳು ಉಚ್ಚಾರದಲ್ಲಿ ಮಾತ್ರ ಬದಲಾಗಿ ನಮ್ಮವಾದವು. ಮತ್ತೆ ಕೆಲವು ಅರ್ಥದಲ್ಲಿಯೇ ಅನುವಾದಗೊಂಡವು. ತಮಿಳು ಸೀಮೆಯಿಂದ ನಮ್ಮಲ್ಲಿಗೆ ಬಂದ ಅರುಳಪ್ಪ ಎಂಬ ಹೆಸರು ಯೋಹಾನ ಎಂಬ ಇಬ್ರಿಯ ಹೆಸರಿನ ಅನುವಾದ. ‘ದೇವರು ಕೃಪೆ ತೋರಿದರು’ ಎಂಬುದು ಮೂಲದ ಅರ್ಥ. ಅರುಳ್ ಎಂದರೂ ಕೃಪೆಯೇ. ಹೆಫ್ಸಿಬಾ ಎಂಬ ಹೆಸರು ಮಾತ್ರ ಈ ಎರಡು ದಾರಿಗಳಲ್ಲಿ ಯಾವುದರಿಂದಲೂ ನಮ್ಮ ಮನೆಗಳಿಗೆ ಹೆಚ್ಚಾಗಿ ಬರಲಿಲ್ಲ.

ಈ ಹೆಸರು ಎರಡು ಪದಗಳಿಂದಾಗಿದೆ. ‘ಹೆಫ್ಸಿ’ ಎಂದರೆ ನನ್ನ ಆನಂದ, ನನ್ನ ಒಲವು; ‘ಬಾ’ ಎಂದರೆ ಅವಳಲ್ಲಿ. ‘ನನ್ನ ಒಲವು ಅವಳ ಮೇಲಿದೆ’ ಎಂದು ಕನ್ನಡದಲ್ಲಿ ಹೇಳಬಹುದು. ಇದು ಒಂದು ಹೆಸರೆನ್ನುವುದಕ್ಕಿಂತ ಪೂರ್ಣವಾದ ಒಂದು ವಾಕ್ಯ. ಮಗುವನ್ನು ಎತ್ತಿಕೊಂಡ ತಾಯಿಯೋ ತಂದೆಯೋ ಆಡಿದ ಮಾತು.

ಪವಿತ್ರ ಗ್ರಂಥದಲ್ಲಿ ಈ ಹೆಸರು ಎರಡೇ ಸಲ ಬರುತ್ತದೆ. ಅರಸುಗಳ ಎರಡನೆಯ ಗ್ರಂಥದ 21ನೆಯ ಅಧ್ಯಾಯದ ಮೊದಲ ವಚನದಲ್ಲಿ ಹೆಫ್ಸಿಬಾ ಎಂಬುವಳು ಅರಸ ಮನಸ್ಸೆಯ ತಾಯಿ. ಮನಸ್ಸೆ ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು ಜೆರುಸಲೇಮಿನಲ್ಲಿ 55 ವರ್ಷ ಆಳಿದನು. ಇವಳ ಪತಿ ಧರ್ಮಿಷ್ಠನಾದ ಅರಸ ಹಿಜ್ಕೀಯ. ರಾಜಮಾತೆಯ ಬಗ್ಗೆ ಗ್ರಂಥವು ಹೇಳುವುದು ಇಷ್ಟೇ. ಎರಡನೆಯ ಸಲ ಈ ಹೆಸರು ಬರುವುದು ಪ್ರವಾದಿ ಯೆಶಾಯನ ಗ್ರಂಥದ 62ನೆಯ ಅಧ್ಯಾಯದ ನಾಲ್ಕನೆಯ ವಚನದಲ್ಲಿ. ಅಲ್ಲಿ ಅದು ಹೆಂಗಸೊಬ್ಬಳ ಹೆಸರಾಗಿಲ್ಲ. ಶತ್ರುಗಳಿಂದ ಹಾಳಾಗಿ ಜನರ ಹಾಸ್ಯಕ್ಕೆ ಗುರಿಯಾದ ಜೆರುಸಲೇಮ್ ಪಟ್ಟಣಕ್ಕೆ ದೇವರು ಇಡುವ ಹೊಸ ಹೆಸರಾಗಿದೆ. ಇನ್ನು ಮುಂದೆ ನಿನ್ನನ್ನು ಕೈಬಿಡಲ್ಪಟ್ಟವಳೆಂದು ಯಾರೂ ಕರೆಯರು, ನಿನ್ನ ನಾಡನ್ನು ಪಾಳುಭೂಮಿ ಎನ್ನರು. ನೀನು ಹೆಫ್ಸಿಬಾ, ನಿನ್ನ ನಾಡು ಬೆಯೂಲಾ, ಅಂದರೆ ಮದುವೆಯಾದವಳು ಎಂಬುದು ಆ ವಾಗ್ದಾನದ ಸಾರಾಂಶ.

ವಾಚಕರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ‘ಕೈಬಿಡಲ್ಪಟ್ಟವಳು’ ಎಂಬುದಕ್ಕೆ ಇಬ್ರಿಯ ಮೂಲದಲ್ಲಿರುವ ಪದ ಅಸೂಬಾ. ಅದು ಸಹ ಹೆಣ್ಣುಮಕ್ಕಳ ಹೆಸರೇ! ಯೆಹೂದದ ಅರಸ ಯೆಹೋಷಾಫಾಟನ ತಾಯಿಯ ಹೆಸರು ಅಸೂಬಾ ಎಂದು ಅರಸುಗಳ ಮೊದಲನೆಯ ಗ್ರಂಥವು ತಿಳಿಸುತ್ತದೆ. ಅಂದರೆ ಆ ಕಾಲದ ಯೆಹೂದದಲ್ಲಿ ಒಂದು ಮನೆಯವರು ಮಗಳನ್ನು ‘ಕೈಬಿಟ್ಟವಳು’ ಎಂದು ಕರೆದರೆ, ಇನ್ನೊಂದು ಮನೆಯವರು ‘ನನ್ನ ಒಲವು ಅವಳ ಮೇಲಿದೆ’ ಎಂದು ಕರೆದರು. ಪ್ರವಾದಿ ತನ್ನ ವಾಗ್ದಾನಕ್ಕಾಗಿ ಹೊಸ ಪದಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಜನರ ಮನೆಯಂಗಳದಲ್ಲಿ ಕೂಗಿ ಕರೆಯುತ್ತಿದ್ದ ಎರಡು ಹೆಸರುಗಳನ್ನು ಎತ್ತಿಕೊಂಡು, ಒಂದನ್ನು ಅಳಿಸಿ ಇನ್ನೊಂದನ್ನು ಬರೆದನು. ದೇವರು ತನ್ನ ಪ್ರೀತಿಯನ್ನು ತಿಳಿಸುವುದಕ್ಕೆ ಮಗಳೊಬ್ಬಳಿಗೆ ಇಟ್ಟ ಹೆಸರನ್ನೇ ಎರವಲು ಪಡೆದರೆಂಬುದು ಹೆಣ್ಣುಮಕ್ಕಳನ್ನು ಹೆತ್ತವರೆಲ್ಲರೂ ಧ್ಯಾನಿಸಬೇಕಾದ ಸತ್ಯ.

ಇಷ್ಟು ಸುಂದರವಾದ ಹೆಸರು ಕಥೋಲಿಕರಲ್ಲಿ ಏಕೆ ವಿರಳವಾಯಿತು? ಇದಕ್ಕೆ ಮುಖ್ಯ ಕಾರಣ ಅನುವಾದದ ಚರಿತ್ರೆಯಲ್ಲಿದೆ. ಯೆಶಾಯನ ಈ ವಚನವನ್ನು ಗ್ರೀಕಿಗೆ ತಂದ ಸಪ್ತತಿ ಅನುವಾದಕರು ಹೆಸರನ್ನು ಹಾಗೆಯೇ ಉಳಿಸದೆ ಅದರ ಅರ್ಥವನ್ನು ಕೊಟ್ಟರು. ಸಂತ ಜೆರೋಮರು ತಮ್ಮ ಲತೀನ್ ಅನುವಾದದಲ್ಲಿ ಅದೇ ಕ್ರಮವನ್ನು ಅನುಸರಿಸಿ ‘ವೊಲುಂತಾಸ್ ಮೆಯಾ ಇನ್ ಎಯಾ’ ಎಂದು ಬರೆದರು. ಹೀಗಾಗಿ ಲತೀನ್ ಧರ್ಮಸಭೆಯ ಕಿವಿಗೆ ಅರ್ಥವು ಬಿದ್ದಿತು, ಹೆಸರು ಬೀಳಲಿಲ್ಲ. ಇಂಗ್ಲಿಷಿನಲ್ಲಿ ಈ ಭೇದ ಇನ್ನೂ ಸ್ಪಷ್ಟ. 1610ರಲ್ಲಿ ಹೊರಬಂದ ಕಥೋಲಿಕರ ಡುವೇ ಅನುವಾದವು ಲತೀನನ್ನು ಅನುಸರಿಸಿ ಅರ್ಥವನ್ನು ಕೊಟ್ಟಿತು. ಮರುವರ್ಷವೇ, 1611ರಲ್ಲಿ, ಪ್ರಕಟವಾದ ಕಿಂಗ್ ಜೇಮ್ಸ್ ಅನುವಾದವು ಹೆಫ್ಸಿಬಾ ಮತ್ತು ಬ್ಯೂಲಾ ಎಂಬ ಹೆಸರುಗಳನ್ನು ಇಬ್ರಿಯದಲ್ಲಿದ್ದಂತೆಯೇ ಇರಿಸಿತು. ಇದರೊಡನೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಮಕ್ಕಳಿಗೆ ಸಂತರ ಹೆಸರಿಡಬೇಕೆಂಬುದು ನಮ್ಮ ಹಳೆಯ ಸಂಪ್ರದಾಯ. ತ್ರೆಂತ್ ಮಹಾಸಭೆಯ ನಂತರ 1566ರಲ್ಲಿ ಪ್ರಕಟವಾದ ರೋಮನ್ ಧರ್ಮೋಪದೇಶವೂ ಇದನ್ನೇ ಬೋಧಿಸಿತು. ಸಂತೆಯ ಹಬ್ಬವಿಲ್ಲದ ಹೆಸರನ್ನು ಗುರುಗಳು ಸೂಚಿಸುವುದು ಅಪರೂಪವಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 855ನೆಯ ವಿಧಿಯಾದರೋ ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದೆಂದು ಮಾತ್ರ ಹೇಳುತ್ತದೆ. ದೇವರೇ ಇಟ್ಟ ಹೆಸರಿಗೆ ಅದರಲ್ಲಿ ಯಾವ ಅಡ್ಡಿಯೂ ಇಲ್ಲ.

ಪ್ರೊಟೆಸ್ಟೆಂಟ್ ನಾಡುಗಳಲ್ಲಿ ಈ ಹೆಸರು ಬಳಕೆಗೆ ಬಂದಿತು. ಹಳೆಯ ಒಡಂಬಡಿಕೆಯ ಹೆಸರುಗಳನ್ನು ಬಹುವಾಗಿ ಮೆಚ್ಚಿದ ಪ್ಯೂರಿಟನ್ನರು ಇಂಗ್ಲೆಂಡಿನಲ್ಲಿಯೂ ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿಯೂ ಹೆಣ್ಣುಮಕ್ಕಳಿಗೆ ಇದನ್ನಿಟ್ಟರು. ಮನೆಮಂದಿ ‘ಹೆಪ್ಸಿ’ ಎಂದು ಮೊಟಕಾಗಿ ಕರೆದರು. 19ನೆಯ ಶತಮಾನದ ಕೊನೆಗೆ ಅಲ್ಲಿಯೂ ಇದು ಹಳೆಯ ಕಾಲದ ಹೆಸರೆನಿಸಿ ಹಿಂದೆ ಸರಿಯಿತು. 20ನೆಯ ಶತಮಾನದಲ್ಲಿ ಇದನ್ನು ಹೊತ್ತವರಲ್ಲಿ ಪ್ರಸಿದ್ಧರು ಪಿಯಾನೋ ವಾದಕಿ ಹೆಫ್ಸಿಬಾ ಮೆನುಹಿನ್ (1920–1981). ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರ್ಯರ ಶಿಷ್ಯರಾದ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ನರ ತಂಗಿ ಇವರು.

ಸಾಹಿತ್ಯದಲ್ಲಿ ಈ ಹೆಸರಿನ ಅರ್ಥವನ್ನು ಅತ್ಯಂತ ಚೆನ್ನಾಗಿ ತೆರೆದು ತೋರಿಸಿದವರು ಜಾರ್ಜ್ ಎಲಿಯಟ್. 1861ರಲ್ಲಿ ಪ್ರಕಟವಾದ ಅವರ ‘ಸೈಲಸ್ ಮಾರ್ನರ್’ ಕಾದಂಬರಿಯಲ್ಲಿ, ಕೂಡಿಟ್ಟ ಹೊನ್ನನ್ನು ಕಳ್ಳನಿಗೆ ಕಳೆದುಕೊಂಡ ಒಬ್ಬಂಟಿ ನೇಕಾರನ ಒಲೆಯ ಬಳಿಗೆ, ಹಿಮದಲ್ಲಿ ತಾಯಿಯನ್ನು ಕಳೆದುಕೊಂಡ ಪುಟ್ಟ ಹೆಣ್ಣುಮಗುವೊಂದು ತಾನಾಗಿ ಬರುತ್ತದೆ. ಅವನು ಅದಕ್ಕೆ ತನ್ನ ತಾಯಿಯ ಹೆಸರಾದ ಹೆಫ್ಸಿಬಾ ಎಂಬುದನ್ನೇ ಇಡಬಯಸುತ್ತಾನೆ. ಇದು ಕ್ರೈಸ್ತ ಹೆಸರು ಹೌದೋ ಅಲ್ಲವೋ ಎಂದು ನೆರೆಯ ಹೆಂಗಸು ಸಂದೇಹಪಡುತ್ತಾಳೆ. ಬೈಬಲಿನಲ್ಲಿರುವ ಹೆಸರೆಂದು ಅವನು ಉತ್ತರಿಸುತ್ತಾನೆ. ಕೊನೆಗೆ ಮಗು ‘ಎಪ್ಪಿ’ಯಾಗಿ ಬೆಳೆಯುತ್ತದೆ, ಯಾರಿಗೂ ಬೇಡವಾಗಿದ್ದ ಮುದುಕನೂ ಯಾರಿಗೂ ಬೇಡವಾಗಿದ್ದ ಮಗುವೂ ಒಬ್ಬರಿಗೊಬ್ಬರು ಆನಂದವಾಗುತ್ತಾರೆ.

ಭಾರತಕ್ಕೆ ಈ ಹೆಸರು ಪ್ರೊಟೆಸ್ಟೆಂಟ್ ಮಿಷನರಿಗಳ ಬೈಬಲ್ ಅನುವಾದಗಳ ಮೂಲಕ ಬಂದಿತು. ಕನ್ನಡದಲ್ಲಿ ಆ ಕಾರ್ಯಕ್ಕೆ ಅಡಿಪಾಯ ಹಾಕಿದವರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ಅದನ್ನು ಮುಂದುವರಿಸಿದರು. ಇಂದಿಗೂ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಕುಟುಂಬಗಳಲ್ಲಿ ಹೆಫ್ಸಿಬಾ, ಬ್ಯೂಲಾ ಎಂಬ ಹೆಸರುಗಳು ಕೇಳಿಬರುತ್ತವೆ.

ಹೆಸರು ದೂರದ್ದಾದರೂ ಅದರ ಹಿಂದಿನ ವೇದನೆ ನಮಗೆ ದೂರದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಸಾಕಮ್ಮ ಎಂಬ ಹೆಸರನ್ನು ಕೇಳದವರಾರು? ಸಾಕಿ ಸಲಹುವ ತಾಯಿ ಎಂದು ಅದಕ್ಕೆ ಅರ್ಥ ಹೇಳಬಹುದು. ಆದರೆ ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಗಳಲ್ಲಿ ‘ಇನ್ನು ಹೆಣ್ಣು ಸಾಕು’ ಎಂಬ ನಿಟ್ಟುಸಿರೇ ಎಷ್ಟೋ ಸಲ ಈ ಹೆಸರಾಯಿತು. ತಿಪ್ಪಮ್ಮ ಎಂಬುದರ ಬಗೆ ಬೇರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಅದನ್ನಿಟ್ಟವರುಂಟು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಸಾವಿನ ಕಣ್ಣು ಬೀಳದಿರಲೆಂದು ತಿಪ್ಪೆಯ ಹೆಸರಿಟ್ಟವರೂ ಉಂಟು. ಅಲ್ಲಿ ತಾತ್ಸಾರದ ವೇಷದಲ್ಲಿ ಪ್ರೀತಿಯೇ ಅಡಗಿದೆ. ಸಾಕಮ್ಮನ ಹೆಸರಿನಲ್ಲಿ ಆ ಸಾಂತ್ವನವೂ ಇಲ್ಲ.

ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂಥ ಹುಡುಗಿಯರಿಗೆ ‘ನಕೋಶಿ’ ಎಂದು ಹೆಸರಿಡುತ್ತಿದ್ದರು. ಅದರ ಅರ್ಥ ‘ಬೇಡವಾದವಳು’. 2011ರ ಅಕ್ಟೋಬರ್ ತಿಂಗಳಲ್ಲಿ ಅಲ್ಲಿಯ ಜಿಲ್ಲಾಡಳಿತವು ಸಮಾರಂಭವೊಂದನ್ನು ಏರ್ಪಡಿಸಿ, ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಅವರು ಬಯಸಿದ ಹೊಸ ಹೆಸರುಗಳನ್ನು ಕೊಟ್ಟಿತು. ಯೆಶಾಯನ ವಚನವನ್ನು ಓದಿರಲಿ ಬಿಡಲಿ, ಅಂದು ಅಲ್ಲಿ ನೆರೆದವರು ಮಾಡಿದ್ದು ಆ ವಚನದ ಕಾರ್ಯವನ್ನೇ.

ನಮ್ಮ ಚನ್ನಗಿರಿ ಸೀಮೆಯಲ್ಲಿಯೇ ಇದಕ್ಕೆ ಸಮಾನವಾದ ಸ್ಥಳಪುರಾಣವೊಂದಿದೆ. ರಾಜಪುತ್ರಿ ಶಾಂತವ್ವೆ ಕೆರೆಯೊಂದನ್ನು ಕಟ್ಟಿಸಲು ಹೊರಟಾಗ, ಆ ನೆಲದಲ್ಲಿ ವಾಸಿಸುತ್ತಿದ್ದ ವೇಶ್ಯೆಯರು ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ಸ್ಥಳ ಬಿಡುವೆವೆಂದರಂತೆ. ಹಾಗೆ ಅದು ಸೂಳೆಕೆರೆಯಾಯಿತು. ಇಂದು ಅದಕ್ಕೆ ಶಾಂತಿಸಾಗರವೆಂಬ ಹೆಸರೂ ಇದೆ. ಲೋಕವು ಹೀನವೆಂದು ಬಗೆದವರ ಹೆಸರನ್ನು ಹೊತ್ತ ನೀರೇ ಇಲ್ಲಿಯ ಗದ್ದೆ ತೋಟಗಳಿಗೆ ಹಸಿರನ್ನೂ ದೂರದ ಚಿತ್ರದುರ್ಗದ ಜನರಿಗೆ ಕುಡಿಯುವ ನೀರನ್ನೂ ಕೊಟ್ಟಿದೆ.

ಹೆಸರು ಬದಲಾದ ಮಾತ್ರಕ್ಕೆ ಬಾಳು ಬದಲಾಗುವುದೆಂದು ನಾವು ಹೇಳುತ್ತಿಲ್ಲ. ಅಸೂಬಾಳ ಮಗ ಯೆಹೋಷಾಫಾಟನು ಒಳ್ಳೆಯ ಅರಸನೆನಿಸಿದನು; ಹೆಫ್ಸಿಬಾಳ ಮಗ ಮನಸ್ಸೆಯು ವಿಗ್ರಹಗಳ ಸೇವೆಗೆ ಬಿದ್ದು ಜೆರುಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿದನು. ನಮ್ಮ ನಾಡಿನಲ್ಲಿಯೇ ಬೆಂಗಳೂರಿನ ‘ಕಾಫಿಪುಡಿ ಸಾಕಮ್ಮ’ನವರು ಉದ್ಯಮಿಯಾಗಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯೆಯಾಗಿ ಗೌರವ ಗಳಿಸಿದರು, ಬಸವನಗುಡಿಯ ಸಾಕಮ್ಮ ಗಾರ್ಡನ್ ಇಂದಿಗೂ ಅವರನ್ನು ನೆನಪಿಸುತ್ತದೆ. ಹೆಸರು ಮಗುವಿನ ಹಣೆಬರಹವಲ್ಲ. ಹೆಸರಿಟ್ಟವರ ಹೃದಯದ ಸಾಕ್ಷಿ.

ಆ ಹೃದಯದ ಸ್ಥಿತಿ ಇಂದು ಹೇಗಿದೆ? ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ನಮ್ಮ ದೇಶದಲ್ಲಿ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927, 2011ರ ಜನಗಣತಿಯಲ್ಲಿ 920ಕ್ಕಿಂತಲೂ ಕಡಿಮೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ 1994ರಲ್ಲಿಯೇ ಬಂದಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬೆಳಕಿಗೆ ಬಂದಿತು. ಬೆಲ್ಲ ಬೇಯುವ ಮನೆಯಲ್ಲಿ ಇಂಥ ಕಹಿ! ಹಿಂದಿನವರು ಬೇಡವಾದ ಮಗಳಿಗೆ ‘ಸಾಕು’ ಎಂದಾದರೂ ಒಂದು ಹೆಸರಿಟ್ಟು ಸಾಕಿದರು. ಈಗ ಹೆಸರಿಡುವ ಅವಕಾಶವನ್ನೇ ಕೊಡದವರಿದ್ದಾರೆ.

1969ರ ಪರಿಷ್ಕೃತ ವಾಚನಗಳ ಕ್ರಮದಲ್ಲಿ, ಕ್ರಿಸ್ತಜಯಂತಿಯ ಜಾಗರಣೆಯ ಬಲಿಪೂಜೆಗೆ ಧರ್ಮಸಭೆಯು ಯೆಶಾಯನ ಇದೇ ವಚನಗಳನ್ನು ಗೊತ್ತುಮಾಡಿದೆ. ಮೂರು ವರ್ಷಕ್ಕೊಮ್ಮೆ, ಕಾನಾ ಊರಿನ ಮದುವೆಯ ಶುಭಸಂದೇಶವನ್ನು ಓದುವ ಭಾನುವಾರವೂ ಇದೇ ವಾಚನ. ರಕ್ಷಕನ ಜನನಕ್ಕೆ ಕಾದಿರುವ ಸಂಜೆಯಲ್ಲಿ, ಕೈಬಿಟ್ಟವಳಿಗೆ ಹೊಸ ಹೆಸರು ಬಂದ ವಾರ್ತೆಯನ್ನು ನಾವು ಕೇಳುತ್ತೇವೆ.

ಕತ್ತಲಗೆರೆಯ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಹೆಫ್ಸಿಬಾ ಎಂಬ ಹೆಸರನ್ನೇ ಇಡಬೇಕೆಂದಿಲ್ಲ. ನಾಲಗೆಗೆ ಅದು ಕಠಿಣವೆನಿಸಿದರೆ ಸುಪ್ರಿಯಾ, ಪ್ರೀತಿ, ಆನಂದಿ ಎಂಬ ನಮ್ಮ ಹೆಸರುಗಳೂ ಅದೇ ಅರ್ಥಕ್ಕೆ ಹತ್ತಿರವಾದವುಗಳೇ. ಮರಿಯಮ್ಮ, ಅನ್ನಮ್ಮ ಎಂಬ ಪೂರ್ವಿಕರ ಹೆಸರುಗಳಂತೂ ಎಂದಿಗೂ ಹಳತಾಗವು. ಆದರೆ ಎರಡನೆಯ ಮಗಳಾಗಲಿ, ಮೂರನೆಯ ಮಗಳಾಗಲಿ, ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಅವಳನ್ನು ತಂದಾಗ, ‘ಈ ಮಗುವಿಗೆ ಏನೆಂದು ಹೆಸರಿಡುತ್ತೀರಿ?’ ಎಂದು ಗುರುಗಳು ಕೇಳುವ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ನನ್ನ ಒಲವು ಇವಳ ಮೇಲಿದೆ ಎಂದು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಳ್ಳಿರಿ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ದಾಖಲೆ ಪುಸ್ತಕದ ಪ್ರತಿಯೊಂದು ಹೆಣ್ಣುಹೆಸರಿನ ಹಿಂದೆ ಆ ಮಾತು ನಿಲ್ಲುವಂತಾಗಲಿ ಎಂದು ದೇವರನ್ನು ಪ್ರಾರ್ಥಿಸುತ್ತೇವೆ.