ಚೆಂಡು ವಾರೆ ಆದ ದಿನ: ಬ್ಯಾಸ್ಕೆಟ್‌ಬಾಲ್‌ನ ಮೊದಲ ಎಸೆತಕ್ಕೂ ಒಂದು ಇತಿಹಾಸವಿದೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಗದಗ ಜಿಲ್ಲೆಯ ಒಂದು ಶಾಲಾ ಮೈದಾನದಲ್ಲಿ ಹೈಸ್ಕೂಲ್ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯವಿತ್ತು. ನಾವು ಸುದ್ದಿಗೆಂದು ಹೋಗಿದ್ದೆವು. ಆ ದಿನ ಬರಬೇಕಿದ್ದ ರೆಫರಿ ಬರಲಿಲ್ಲ. ಆಡುತ್ತಿದ್ದ ಎರಡು ಶಾಲೆಗಳಲ್ಲಿ ಒಂದರ ಪಿ.ಟಿ. ಮಾಸ್ತರರೇ ಸೀಟಿ ಹಿಡಿದು ನಿಂತರು. ಎರಡನೇ ರೆಫರಿ ಇರಲಿಲ್ಲ.

ಮಾಸ್ತರು ನಡುವಿನ ವೃತ್ತಕ್ಕೆ ಬಂದು, ಇಬ್ಬರು ಎತ್ತರದ ಹುಡುಗಿಯರ ನಡುವೆ ಚೆಂಡನ್ನು ಮೇಲಕ್ಕೆ ಹಾರಿಸಿದರು. ಚೆಂಡು ಅವರ ಶಾಲೆಯ ಹುಡುಗಿಗೇ ಸಿಕ್ಕಿತು. ಗೆರೆಯ ಆಚೆ ನಿಂತಿದ್ದ ಪಾಲಕರೊಬ್ಬರು ಕೂಗಿದರು:

"ಮಾಸ್ತರ, ಚೆಂಡ ವಾರಿ ಹಾರಿಸೀರಿ! ನಿಮ್ಮ ಹುಡುಗ್ಯಾರ ಕಡೇನ ಹೋತಲ್ರೀ!"

ಮಾಸ್ತರು ಕೇಳಿಸಿಕೊಂಡರೂ ಆಟ ನಿಲ್ಲಿಸಲಿಲ್ಲ. ಮುಂದೆ ಅವರು ಕೊಟ್ಟ ಪ್ರತಿಯೊಂದು ಫೌಲ್‌ಗೂ ಗದ್ದಲವಾಯಿತು. ಪಂದ್ಯ ಮುಗಿದಾಗ ಸೋತ ಶಾಲೆಯವರು ಕೈ ಕುಲುಕದೆ ಟೆಂಪೊ ಹತ್ತಿದರು. ಮರು ವರ್ಷ ಆ ಶಾಲೆಯಿಂದ ಹುಡುಗಿಯರ ತಂಡವೇ ಬರಲಿಲ್ಲ. ನಾವು ಮಾತ್ರ "ಇಂಥವರಿಗೆ ಪ್ರಥಮ ಸ್ಥಾನ" ಎಂದು ಎರಡು ಸಾಲು ಬರೆದು ಕಳಿಸಿ ಸುಮ್ಮನಾದೆವು.

ಒಂದು ಕ್ಷಣದ ಎಸೆತಕ್ಕೆ ಇಷ್ಟು ಬೆಲೆಯೇ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಹುಡುಕುತ್ತಾ ಹೋದಾಗ 1891ನೇ ಇಸವಿಯ ತನಕ ಹೋಗಬೇಕಾಯಿತು.

ಜಗಳ ತಪ್ಪಿಸಲು ಹುಟ್ಟಿದ ಎಸೆತ

ಬ್ಯಾಸ್ಕೆಟ್‌ಬಾಲ್ ತಾನಾಗಿ ಬೆಳೆದು ಬಂದ ಆಟವಲ್ಲ. ಒಬ್ಬ ಮಾಸ್ತರು ಕೂತು ಯೋಚಿಸಿ ಕಟ್ಟಿದ ಆಟ. ಅವರ ಹೆಸರು ಜೇಮ್ಸ್ ನೈಸ್ಮಿತ್. ಹುಟ್ಟಿದ್ದು ಕೆನಡಾದಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಅವರು ದೈಹಿಕ ಶಿಕ್ಷಕರಾಗಿದ್ದರು. ಚಳಿಗಾಲದಲ್ಲಿ ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಬೇಸತ್ತ 18 ಮಂದಿ ಹುಡುಗರು. ಇವರಿಗೆ ಒಳಾಂಗಣದ ಹೊಸ ಆಟವೊಂದನ್ನು ಹುಡುಕು ಎಂದು ಮೇಲಿನವರು ಕೊಟ್ಟ ಗಡುವು 14 ದಿನ.

ನೈಸ್ಮಿತ್ 13 ನಿಯಮ ಬರೆದು ಗೋಡೆಗೆ ಹಚ್ಚಿದರು. ಹಣ್ಣಿನ ಎರಡು ಬುಟ್ಟಿಗಳನ್ನು 10 ಅಡಿ ಎತ್ತರದ ಅಟ್ಟಕ್ಕೆ ಮೊಳೆ ಹೊಡೆದು ಕೂರಿಸಿದರು. ಚೆಂಡು ಫುಟ್‌ಬಾಲ್‌ನದು. ತಂಡಕ್ಕೆ 9 ಮಂದಿ. ಎಲ್ಲ ಸಿದ್ಧವಾದರೂ ಒಂದು ಪ್ರಶ್ನೆ ಉಳಿದಿತ್ತು: ಆಟ ಶುರು ಮಾಡುವುದು ಹೇಗೆ?

ಅವರಿಗೆ ಗೊತ್ತಿದ್ದ ಒಂದು ಪದ್ಧತಿ ರಗ್ಬಿಯದು. ಎರಡು ಸಾಲಾಗಿ ನಿಂತ ಆಟಗಾರರ ನಡುವೆ ಚೆಂಡು ಎಸೆದರೆ ಎಲ್ಲರೂ ಒಮ್ಮೆಲೇ ಮುಗಿಬೀಳುತ್ತಾರೆ. ಗಟ್ಟಿ ನೆಲದ ಕೋಣೆಯಲ್ಲಿ ಹಾಗಾದರೆ ಕೈಕಾಲು ಮುರಿಯುವುದು ಖಂಡಿತ. ಆದ್ದರಿಂದ ಪ್ರತಿ ತಂಡದಿಂದ ಒಬ್ಬೊಬ್ಬರನ್ನು ಮಾತ್ರ ಕರೆದು, ಅವರ ನಡುವೆ ತಾವೇ ಚೆಂಡು ಹಾರಿಸಿದರು. ಅದೇ ಮೊದಲ ಜಂಪ್ ಬಾಲ್. ಅಂದರೆ ಈ ಎಸೆತ ಹುಟ್ಟಿದ್ದೇ ಹೊಡೆದಾಟ ತಪ್ಪಿಸಲು. ಆ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ಹಾಕಿದವರು ವಿಲಿಯಂ ಚೇಸ್.

ಗಮನಿಸಿ, ಚೆಂಡು ಹಾರಿಸಿದ ನೈಸ್ಮಿತ್ ಆ ಎಲ್ಲ ಹುಡುಗರಿಗೂ ಮಾಸ್ತರು. ಎರಡೂ ತಂಡ ಅವರದೇ. ಹಾಗಾಗಿ ಪಕ್ಷಪಾತದ ಮಾತು ಯಾರ ಬಾಯಲ್ಲೂ ಬರಲು ಸಾಧ್ಯವಿರಲಿಲ್ಲ.

ಆದರೂ ಅವರು ಬರೆದ 13 ನಿಯಮಗಳಲ್ಲಿ ಇಬ್ಬರು ತೀರ್ಪುಗಾರರಿದ್ದಾರೆ. ಒಬ್ಬರು ಅಂಪೈರ್, ಇನ್ನೊಬ್ಬರು ರೆಫರಿ. ಅಂಪೈರ್ ಆಟಗಾರರನ್ನು ನೋಡಬೇಕು, ಫೌಲ್ ಬರೆದುಕೊಳ್ಳಬೇಕು. ರೆಫರಿ ಚೆಂಡನ್ನು ನೋಡಬೇಕು, ವೇಳೆ ನೋಡಬೇಕು. ಚೆಂಡಿನ ಮೇಲೊಂದು ಕಣ್ಣು, ಮನುಷ್ಯರ ಮೇಲೊಂದು ಕಣ್ಣು. ಒಬ್ಬನಿಂದ ಎರಡೂ ಆಗದು ಎಂಬುದು ಮೊದಲ ದಿನವೇ ಗೊತ್ತಿತ್ತು.

ನಮ್ಮಲ್ಲಿ ಹಸಿ–ಒಣ, ಛಾಪಾ–ಕಾಟಾ

ಆಟವನ್ನು ಯಾರು ಮೊದಲು ಶುರು ಮಾಡಬೇಕು ಎಂಬ ತಕರಾರು ನಮ್ಮ ಊರುಗಳಿಗೂ ಹೊಸದಲ್ಲ. ಚಿಣ್ಣಿದಾಂಡು, ಲಗೋರಿ ಆಡುವಾಗ ಚಪ್ಪಟೆ ಹೆಂಚಿನ ಚೂರಿಗೆ ಒಂದು ಕಡೆ ಉಗುಳು ಹಚ್ಚಿ "ಹಸಿಯೋ, ಒಣವೋ" ಎಂದು ಹಾರಿಸಿದ್ದು ಯಾರಿಗೆ ನೆನಪಿಲ್ಲ? ಕೈಯಲ್ಲಿ ನಾಣ್ಯವಿದ್ದರೆ ಛಾಪಾ–ಕಾಟಾ. ಜಾತ್ರೆಯ ಕುಸ್ತಿಯಲ್ಲಿ ಹಿರಿಯರೊಬ್ಬರು ಅಖಾಡಕ್ಕೆ ಇಳಿದು ಇಬ್ಬರು ಪೈಲ್ವಾನರ ಕೈ ಕೂಡಿಸುತ್ತಾರೆ, ಆಮೇಲೆ ಪಟ್ಟು.

ಹೆಂಚಿನ ಚೂರು, ನಾಣ್ಯ ಎರಡೂ ಅದೃಷ್ಟದ ಲೆಕ್ಕ. ಕುಸ್ತಿಯಲ್ಲಿ ಕೈ ಕೂಡಿಸುವುದು ಒಪ್ಪಿಗೆಯ ಲೆಕ್ಕ. ಜಂಪ್ ಬಾಲ್ ಇವೆರಡಕ್ಕಿಂತ ಬೇರೆ. ಇದರಲ್ಲಿ ಹಾರುವವರ ಕಸುವೂ ಬೇಕು, ಹಾರಿಸುವವನ ಕೈಯೂ ನೆಟ್ಟಗಿರಬೇಕು. ನಾಣ್ಯ ವಾರೆ ಹಾರಿದರೆ ಯಾರಿಗೂ ನಷ್ಟವಿಲ್ಲ. ಚೆಂಡು ವಾರೆ ಹಾರಿದರೆ ಒಬ್ಬರಿಗೆ ನಷ್ಟ ಆಗಿಯೇ ಆಗುತ್ತದೆ.

ಮದ್ರಾಸಿನಿಂದ, ಮುಂಬೈಯಿಂದ

ನೈಸ್ಮಿತ್ ಅವರ ಆಟವನ್ನು ಹೊರದೇಶಗಳಿಗೆ ಒಯ್ದದ್ದು ವೈಎಂಸಿಎ ಸಂಸ್ಥೆಯೇ. ನಮ್ಮ ದಕ್ಷಿಣದಲ್ಲಿ ಇದಕ್ಕೆ ಗಟ್ಟಿ ಬುನಾದಿ ಬಿದ್ದದ್ದು 1920ರಲ್ಲಿ, ಹ್ಯಾರಿ ಕ್ರೋ ಬಕ್ ಅವರು ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದಾಗ. ಅಲ್ಲಿ ಕಲಿತವರು ಊರೂರ ಶಾಲೆಗಳಿಗೆ ಡ್ರಿಲ್ ಮಾಸ್ತರರಾಗಿ ಹೋದರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1938ರಲ್ಲಿ ಮುಂಬೈಯ ಕಾಂದಿವಲಿಯಲ್ಲಿ ಸರ್ಕಾರವೇ ದೈಹಿಕ ಶಿಕ್ಷಕರ ತರಬೇತಿ ಸಂಸ್ಥೆ ತೆರೆಯಿತು. 1950ರಲ್ಲಿ ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ಆಯಿತು.

ಮುಂಬೈ ಹೆಸರು ಸುಮ್ಮನೆ ಹೇಳಿದ್ದಲ್ಲ. ಆಗ ಗದಗ–ಬೆಟಗೇರಿ, ಮುಂಡರಗಿ ಎಲ್ಲ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ. ಇವತ್ತು ಬಸ್ಸು ಹತ್ತಿ ಹೊರಟರೆ ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ನಾಲ್ಕು ಊರುಗಳಿಗೆ ಆಗ ಮೂರು ಆಡಳಿತ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಗದಗ ಜಿಲ್ಲೆಯಾಯಿತು. ಈಗ ಈ ನಾಲ್ಕೂ ಊರಿನ ಮಕ್ಕಳು ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಒಂದೇ ಮೈದಾನಕ್ಕೆ ಬರುತ್ತಾರೆ. ಗೆದ್ದವರು ಬೆಳಗಾವಿ ವಿಭಾಗ ಮಟ್ಟಕ್ಕೆ ಹೋಗುತ್ತಾರೆ.

ಆದರೆ "ನಮ್ಮೂರು, ನಿಮ್ಮೂರು" ಎಂಬುದು ನಕಾಶೆ ಬದಲಾದಷ್ಟು ಬೇಗ ಬದಲಾಗುವುದಿಲ್ಲ. ವೃತ್ತದ ನಡುವೆ ಚೆಂಡು ಹಿಡಿದು ನಿಂತವನು ಯಾವ ಊರಿನವನು ಎಂದು ಜನ ಮೊದಲು ನೋಡುವುದು ಇದೇ ಕಾರಣಕ್ಕೆ.

ಪ್ರತಿ ಗೋಲಿಗೂ ಒಂದು ಎಸೆತ

ಈಗಿನ ಹುಡುಗರಿಗೆ ಇದು ಅಚ್ಚರಿ ಎನಿಸಬಹುದು. ಮೊದಮೊದಲು ಪ್ರತಿ ಗೋಲಿನ ನಂತರವೂ ಚೆಂಡು ನಡುವಿಗೆ ಬರುತ್ತಿತ್ತು, ಮತ್ತೆ ಜಂಪ್ ಬಾಲ್ ಆಗುತ್ತಿತ್ತು. ಒಂದು ಪಂದ್ಯದಲ್ಲಿ 20 ಗೋಲಾದರೆ 20 ಸಲ. ತಂಡದಲ್ಲಿ ಒಬ್ಬ ಬಹಳ ಎತ್ತರದವನಿದ್ದರೆ ಸಾಕು, ಗೋಲು ಹಾಕಿದವರಿಗೇ ಮತ್ತೆ ಮತ್ತೆ ಚೆಂಡು. ವೇಳೆಯೂ ವ್ಯರ್ಥ. ಅಮೆರಿಕದಲ್ಲಿ 1937ರಲ್ಲಿ ಈ ಪದ್ಧತಿ ಕೈಬಿಟ್ಟು, ಗೋಲು ಹಾಕಿಸಿಕೊಂಡವರು ಬುಟ್ಟಿಯ ಹಿಂದಿನ ಗೆರೆಯಿಂದ ಚೆಂಡು ಒಳಗೆ ಹಾಕಬೇಕು ಎಂದು ಮಾಡಿದರು. ಆಟ ವೇಗ ಪಡೆದದ್ದು ಆಮೇಲೆ.

ಅದರ ಹಿಂದಿನ ವರ್ಷವೇ, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾಯಿತು. ಎಸ್ಟೋನಿಯಾ ಮತ್ತು ಫ್ರಾನ್ಸ್ ನಡುವಿನ ಮೊದಲ ಪಂದ್ಯಕ್ಕೆ ಚೆಂಡು ಹಾರಿಸಿದವರು ಬೇರಾರೂ ಅಲ್ಲ, ಮುಪ್ಪಿನ ನೈಸ್ಮಿತ್. ಅಲ್ಲಿನ ಕೋರ್ಟು ಮಣ್ಣಿನದು. ಫೈನಲ್ ದಿನ ಮಳೆ ಬಂದು ಕೆಸರಾಗಿ, ಅಮೆರಿಕ ಕೆನಡಾವನ್ನು 19–8ರಿಂದ ಸೋಲಿಸಿತು. ನಮ್ಮ ಶಾಲೆಯಲ್ಲಿ ಸಿಮೆಂಟ್ ಕೋರ್ಟ್ ಇಲ್ಲ ಎಂದು ಕೊರಗುವವರು ಇದನ್ನು ನೆನಪಿಡಬಹುದು.

ಇಬ್ಬರು ಒಂದೇ ಚೆಂಡನ್ನು ಬಿಗಿಯಾಗಿ ಹಿಡಿದುಕೊಂಡಾಗ ಜಂಪ್ ಬಾಲ್ ಕೊಡುವುದು ಅನಂತರವೂ ಬಹಳ ವರ್ಷ ಇತ್ತು. 1981ರಲ್ಲಿ ಅಮೆರಿಕದ ಕಾಲೇಜು ಆಟಗಳಲ್ಲಿ ಅದಕ್ಕೆ ಬದಲಾಗಿ ಬಾಣದ ಗುರುತು ಬಂತು. ಈ ಶತಮಾನದಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಕೂಡ ಅದನ್ನೇ ಒಪ್ಪಿತು. ಟೇಬಲ್ ಮೇಲಿನ ಬಾಣ ಯಾವ ಕಡೆ ತೋರಿಸುತ್ತದೋ ಆ ತಂಡಕ್ಕೆ ಚೆಂಡು, ಆಮೇಲೆ ಬಾಣ ತಿರುಗುತ್ತದೆ. ಮೊದಲ ಜಂಪ್ ಬಾಲ್‌ನಲ್ಲಿ ಚೆಂಡು ಸಿಗದ ತಂಡಕ್ಕೇ ಮೊದಲ ಬಾಣ. ಅಂದರೆ ಕಳೆದುಕೊಂಡವರಿಗೆ ನಿಯಮವೇ ಒಂದು ಸಾಲ ತೀರಿಸುತ್ತದೆ.

ಹೀಗೆ ಒಂದು ಕಾಲಕ್ಕೆ ಪಂದ್ಯದ ತುಂಬ ಇದ್ದ ಎಸೆತ, ಫಿಬಾ ನಿಯಮದ ಆಟದಲ್ಲಿ ಈಗ ಒಂದೇ ಒಂದು ಸಲ, ಪಂದ್ಯದ ಆರಂಭದಲ್ಲಿ ಮಾತ್ರ ಉಳಿದಿದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಗೆದ್ದಿತು. ಅಂತರ ಎರಡೇ ಅಂಕ. ಅಂಥ ಪಂದ್ಯದಲ್ಲಿ ಒಂದೊಂದು ಚೆಂಡು ಯಾರ ಕೈಗೆ ಹೋಯಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನೆಟ್ಟಗೆ ಹಾರಿಸುವುದು ಹೇಗೆ?

ನಿಯಮ ಸರಳ. ನಡುವೃತ್ತದ ತ್ರಿಜ್ಯ 1.80 ಮೀಟರ್, ಹೆಚ್ಚುಕಡಿಮೆ ಆರು ಅಡಿ. ಗೂಟ ನೆಟ್ಟು, ಹಗ್ಗ ಕಟ್ಟಿ, ಸುಣ್ಣದಲ್ಲಿ ಎಳೆದರೆ ವೃತ್ತ ಸಿದ್ಧ. ಹಾರುವ ಇಬ್ಬರೂ ತಮ್ಮ ಬುಟ್ಟಿಯ ಕಡೆಯ ಅರ್ಧವೃತ್ತದಲ್ಲಿ, ನಡುಗೆರೆಗೆ ಒಂದು ಕಾಲು ಹತ್ತಿರವಿಟ್ಟು ನಿಲ್ಲಬೇಕು. ಉಳಿದ ಎಂಟು ಮಂದಿ ವೃತ್ತದ ಹೊರಗೆ.

ಇಬ್ಬರೂ ಜಿಗಿದರೂ ಕೈಗೆ ನಿಲುಕದಷ್ಟು ಎತ್ತರಕ್ಕೆ ಚೆಂಡು ನೇರವಾಗಿ ಏರಬೇಕು. ತುತ್ತತುದಿ ಮುಟ್ಟಿದ ಮೇಲೆಯೇ ಅದನ್ನು ತಟ್ಟಬೇಕು. ಏರುತ್ತಿರುವಾಗ ತಟ್ಟಿದರೆ ತಪ್ಪು. ಹಿಡಿಯುವಂತಿಲ್ಲ. ಬೇರೆಯವರು ಅಥವಾ ನೆಲ ಮುಟ್ಟುವ ಮೊದಲು ಒಬ್ಬರು ಎರಡು ಸಲಕ್ಕಿಂತ ಹೆಚ್ಚು ತಟ್ಟುವಂತಿಲ್ಲ. ಇಬ್ಬರಲ್ಲಿ ಯಾರಿಗೂ ತಟ್ಟಲಾಗದೆ ಚೆಂಡು ಕೆಳಗೆ ಬಿದ್ದರೆ ಮತ್ತೊಮ್ಮೆ ಹಾರಿಸಬೇಕು.

ಹಾರಿಸುವವರಿಗೆ ಒಂದು ಮುಖ್ಯ ಕಿವಿಮಾತು ಉಂಟು. ಎಸೆಯುವಾಗ ಸೀಟಿ ಬಾಯಲ್ಲಿ ಇರಬಾರದು. ಜಿಗಿಯುವವರ ಕೈ ತಾಗಿದರೆ ಹಲ್ಲು ಹೋದೀತು. ಹಾಗಾದರೆ ಎಸೆತ ವಾರೆಯಾದರೆ ಸೀಟಿ ಊದುವವರು ಯಾರು? ಎದುರು ನಿಂತ ಎರಡನೇ ರೆಫರಿ. ಅವರು ಊದುತ್ತಾರೆ, ಚೆಂಡು ವಾಪಸ್ ಬರುತ್ತದೆ, ಮತ್ತೊಮ್ಮೆ ಎಸೆತ. ಯಾರಿಗೂ ಫೌಲ್ ಇಲ್ಲ, ಯಾರಿಗೂ ಅವಮಾನವಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಮಗೆ ಅರ್ಥವಾದದ್ದು ಒಂದೇ. ಪಂದ್ಯದಲ್ಲಿ ಮೊದಲ ತಪ್ಪು ಮಾಡಬಹುದಾದವನು ಆಟಗಾರನಲ್ಲ, ರೆಫರಿ. ನಿಯಮ ಬರೆದವರಿಗೆ ಇದು ಗೊತ್ತಿತ್ತು. ಅದಕ್ಕೇ ಅವನ ತಪ್ಪನ್ನು ನೋಡಲು ಇನ್ನೊಂದು ಕಣ್ಣು ಇಟ್ಟರು, ತಿದ್ದಲು ಇನ್ನೊಂದು ಎಸೆತ ಇಟ್ಟರು.

ಮತ್ತೆ ಆ ಮೈದಾನಕ್ಕೆ

ಆ ದಿನದ ವಿಡಿಯೊ ನಮ್ಮ ಫೋನಿನಲ್ಲಿ ಇತ್ತು. ಇತ್ತೀಚೆಗೆ ನಿಧಾನವಾಗಿ ಓಡಿಸಿ ನೋಡಿದೆವು. ಚೆಂಡು ನಿಜವಾಗಿಯೂ ಒಂದು ಗೇಣು ವಾರೆ ಹೋಗಿದೆ. ಎತ್ತರವೂ ಸಾಲದು. ಮಾಸ್ತರರ ಶಾಲೆಯ ಹುಡುಗಿ, ಚೆಂಡು ಇನ್ನೂ ಏರುತ್ತಿರುವಾಗಲೇ ತಟ್ಟಿದ್ದಾಳೆ. ಎರಡು ತಪ್ಪು. ಮಾಸ್ತರರ ಬಾಯಲ್ಲಿ ಸೀಟಿ, ಕಣ್ಣು ಮೇಲೆ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಾರೆ. ಅವರು ಬೇಕೆಂದೇ ಮಾಡಿದ್ದರೆಂದು ನಮಗೆ ಅನ್ನಿಸುವುದಿಲ್ಲ. ಪಾಲಕರು ಕೂಗಿದ್ದೂ ಸುಳ್ಳಲ್ಲ.

"ತಡೀರಿ, ಮತ್ತೊಮ್ಮೆ ಹಾರಸ್ತೀನಿ" ಎಂಬ ಮೂರು ಮಾತು ಮಾಸ್ತರರು ಹೇಳಿದ್ದರೆ ಸಾಕಿತ್ತು. ಎರಡನೇ ರೆಫರಿ ಇದ್ದಿದ್ದರೆ ಅವರೇ ಹೇಳುತ್ತಿದ್ದರು. ನಾವೂ ಆ ದಿನ ಬರೀ ಫಲಿತಾಂಶ ಬರೆಯದೆ, ಒಬ್ಬರ ಮೇಲೇ ಇಡೀ ಪಂದ್ಯ ಹೊರಿಸಿದ್ದನ್ನು ಬರೆಯಬೇಕಿತ್ತು.

ಈ ಸಲ ನಿಮ್ಮ ಊರಿನ ಶಾಲೆಯಲ್ಲಿ ಪಂದ್ಯ ನಡೆದರೆ ಆಯೋಜಕರನ್ನು ಒಂದು ಮಾತು ಕೇಳಿ: "ಎರಡನೇ ರೆಫರಿ ಎಲ್ಲದಾರ್ರೀ?" ಹೊರಗಿನವರು ಸಿಗದಿದ್ದರೆ ಎರಡೂ ಶಾಲೆಯಿಂದ ಒಬ್ಬೊಬ್ಬ ಮಾಸ್ತರು ನಿಲ್ಲಲಿ, ಒಬ್ಬರು ಹಾರಿಸಲಿ, ಇನ್ನೊಬ್ಬರು ನೋಡಲಿ. ಅಂದು ಟೆಂಪೊ ಹತ್ತಿ ಹೋದ ಹುಡುಗಿಯರಲ್ಲಿ ಇಬ್ಬರು ಬಹಳ ಚೆನ್ನಾಗಿ ಆಡುತ್ತಿದ್ದರು. ಅವರು ಮತ್ತೆ ಕೋರ್ಟಿಗೆ ಬಂದದ್ದನ್ನು ನಾವು ನೋಡಲಿಲ್ಲ.