ಸ್ಕಾಲ್ಪೆಲ್

ಸ್ಕಾಲ್ಪೆಲ್ ಎಂಬುದು ಶಸ್ತ್ರಚಿಕಿತ್ಸೆ, ಅಂಗರಚನಾಶಾಸ್ತ್ರದ ಅಧ್ಯಯನ ಮತ್ತು ಮರಣೋತ್ತರ ಪರೀಕ್ಷೆಗಳಲ್ಲಿ ಚರ್ಮವನ್ನೂ ಮೃದುವಾದ ಅಂಗಾಂಶಗಳನ್ನೂ ಛೇದಿಸಲು ಬಳಸುವ ಚಿಕ್ಕ, ಅತಿ ಹರಿತವಾದ ಚೂರಿ. ಇಂದು ಹೆಚ್ಚು ಬಳಕೆಯಲ್ಲಿರುವ ಸ್ಕಾಲ್ಪೆಲ್‌ಗೆ ಎರಡು ಭಾಗಗಳಿವೆ: ಶುದ್ಧೀಕರಿಸಿ ಮತ್ತೆ ಮತ್ತೆ ಬಳಸಬಹುದಾದ ಲೋಹದ ಹಿಡಿ ಮತ್ತು ಒಮ್ಮೆ ಮಾತ್ರ ಬಳಸುವ ಅಲಗು. ಆಸ್ಪತ್ರೆಗಳ ಆಡುಮಾತಿನಲ್ಲಿ ಅಲಗನ್ನು ಬ್ಲೇಡ್ ಎಂದೇ ಕರೆಯುತ್ತಾರೆ. ಹರಿತವಾದ ಅಲಗು ಅಂಗಾಂಶವನ್ನು ಜಜ್ಜದೆ ಬೇರ್ಪಡಿಸುತ್ತದೆ. ಆದ್ದರಿಂದ ಗಾಯದ ಅಂಚುಗಳು ನೇರವಾಗಿದ್ದು, ಹೊಲಿದಾಗ ಚೆನ್ನಾಗಿ ಕೂಡಿಕೊಳ್ಳುತ್ತವೆ. ರೋಗಿಗೆ ಉಪಕಾರಿಯಾದ ಇದೇ ಹರಿತವು ಅದನ್ನು ಹಿಡಿದವರ ಕೈಗೆ ಅಪಾಯಕಾರಿ. ಅಲಗಿನ ಆಯ್ಕೆ, ಜೋಡಣೆ, ಹಸ್ತಾಂತರ ಮತ್ತು ವಿಲೇವಾರಿಗೆ ಖಚಿತವಾದ ಕ್ರಮಗಳು ರೂಪುಗೊಂಡಿರುವುದು ಈ ಕಾರಣದಿಂದಲೇ.

ಹೆಸರು

ಸ್ಕಾಲ್ಪೆಲ್ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ ಸ್ಕಾಲ್ಪೆಲ್ಲಮ್. ಕೆತ್ತು, ಕೊರೆ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಪದಕ್ಕೆ 'ಚಿಕ್ಕ ಚೂರಿ' ಎಂದರ್ಥ. ಹಿಂದೆ ಬಳಕೆಯಲ್ಲಿದ್ದ, ಎರಡೂ ಬದಿ ಹರಿತವಾದ ಮೊನಚು ಚೂರಿಗೆ ಲ್ಯಾನ್ಸೆಟ್ ಎಂಬ ಹೆಸರಿತ್ತು. 1823ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯು ಇದೇ ಹೆಸರನ್ನು ಪಡೆಯಿತು.

ಇತಿಹಾಸ

ಪ್ರಾಚೀನ ಭಾರತ

ಸುಶ್ರುತ ಸಂಹಿತೆಯು ಶಸ್ತ್ರವೈದ್ಯನ ಸಲಕರಣೆಗಳನ್ನು ಯಂತ್ರ ಮತ್ತು ಶಸ್ತ್ರ ಎಂದು ವಿಭಾಗಿಸುತ್ತದೆ. ಯಂತ್ರಗಳು ಹಿಡಿಯಲು ಮತ್ತು ಹೊರತೆಗೆಯಲು ಬಳಸುವ ಅಲಗಿಲ್ಲದ ಉಪಕರಣಗಳು. ಇವುಗಳ ಸಂಖ್ಯೆ 101. ಶಸ್ತ್ರಗಳು ಹರಿತವಾದವು, ಇವು 20. ಮಂಡಲಾಗ್ರ, ವೃದ್ಧಿಪತ್ರ, ಉತ್ಪಲಪತ್ರ, ಕುಶಪತ್ರ, ವ್ರೀಹಿಮುಖ ಮುಂತಾದ ಹೆಸರುಗಳು ಅಲಗಿನ ಆಕಾರವನ್ನು ಎಲೆ, ದಳ, ಭತ್ತದ ಕಾಳು ಇತ್ಯಾದಿಗಳಿಗೆ ಹೋಲಿಸಿ ಇಟ್ಟವು.

ಶಸ್ತ್ರದ ಎಂಟು ದೋಷಗಳನ್ನು ಈ ಗ್ರಂಥ ಪಟ್ಟಿಮಾಡುತ್ತದೆ: ಸೊಟ್ಟಗಿರುವುದು, ಮೊಂಡಾಗಿರುವುದು, ಮುರಿದಿರುವುದು, ಒರಟು ಅಂಚಿನದಾಗಿರುವುದು, ಅತಿ ದಪ್ಪ, ಅತಿ ಸಣ್ಣ, ಅತಿ ಉದ್ದ ಮತ್ತು ಅತಿ ಗಿಡ್ಡ. ಮೂಳೆ ಕೊಯ್ಯುವ ಗರಗಸಕ್ಕೆ ಮಾತ್ರ ಒರಟು ಅಂಚು ದೋಷವಲ್ಲ. ಸಾಣೆಗೆ ಉದ್ದಿನ ಬಣ್ಣದ ನಯವಾದ ಕಲ್ಲನ್ನೂ, ಅಲಗಿನ ಹರಿತವನ್ನು ಕಾಪಾಡಲು ಬೂರುಗದ ಹಲಗೆಯನ್ನೂ ಬಳಸಬೇಕೆಂದು ಅದು ವಿಧಿಸುತ್ತದೆ. ಕೂದಲನ್ನು ಕತ್ತರಿಸಬಲ್ಲಷ್ಟು ಹರಿತವಾದಾಗ ಮಾತ್ರ ಶಸ್ತ್ರವು ಬಳಕೆಗೆ ಯೋಗ್ಯ. ಶಿಷ್ಯರು ರೋಗಿಯ ಮೈ ಮುಟ್ಟುವ ಮೊದಲು ಕುಂಬಳ, ಸೋರೆ, ಸೌತೆಯಂತಹ ಕಾಯಿಗಳ ಮೇಲೆ ಛೇದನವನ್ನು ಅಭ್ಯಾಸ ಮಾಡಬೇಕೆಂಬ ನಿಯಮವೂ ಅಲ್ಲಿದೆ.

ಹತ್ತೊಂಬತ್ತನೆಯ ಶತಮಾನ

ಯೂರೋಪಿನಲ್ಲಿ ದೀರ್ಘಕಾಲ ಚೂರಿಗಳ ಹಿಡಿಯನ್ನು ಮರ, ದಂತ ಅಥವಾ ಕೊಂಬಿನಿಂದ ಮಾಡುತ್ತಿದ್ದರು. ಸೋಂಕಿನ ಕಾರಣ ತಿಳಿಯದ ಆ ಕಾಲದಲ್ಲಿ ಒಂದು ಗೀರು ಕೂಡ ಪ್ರಾಣಾಂತಕವಾಗಬಹುದಿತ್ತು. 1847ರಲ್ಲಿ ವಿಯೆನ್ನಾದ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ಅವರ ಬೆರಳಿಗೆ ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚೂರಿ ತಗುಲಿತು. ಅದರಿಂದ ಉಂಟಾದ ಸೋಂಕಿನಿಂದ ಅವರು ಮೃತಪಟ್ಟರು. ಅವರ ಶವಪರೀಕ್ಷೆಯಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತ ಹೆಂಗಸರಲ್ಲಿ ಕಂಡವನ್ನೇ ಹೋಲುವುದನ್ನು ಅವರ ಮಿತ್ರ ಇಗ್ನಾಜ್ ಸೆಮೆಲ್‌ವೈಸ್ ಗಮನಿಸಿದರು. ಹೆರಿಗೆ ಮಾಡಿಸುವವರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ಅವರ ನಿಯಮಕ್ಕೆ ಈ ಸಾವು ಪ್ರೇರಣೆಯಾಯಿತು.

1867ರಲ್ಲಿ ಜೋಸೆಫ್ ಲಿಸ್ಟರ್ ಪೂತಿನಾಶಕ ವಿಧಾನವನ್ನು ಪ್ರಕಟಿಸಿದ ನಂತರ, ಉಪಕರಣಗಳನ್ನು ಕುದಿಸಿ ಶುದ್ಧೀಕರಿಸುವ ಪದ್ಧತಿಯೂ ಬೆಳೆಯಿತು. ಮರ ಮತ್ತು ದಂತದ ಹಿಡಿಗಳು ಕುದಿಸಲು ತಕ್ಕವಲ್ಲವಾದ್ದರಿಂದ ಪೂರ್ಣ ಲೋಹದ ಚೂರಿಗಳು ಬಳಕೆಗೆ ಬಂದವು. ಆದರೆ ಬಳಸಿದಂತೆಲ್ಲ ಅವನ್ನು ಸಾಣೆ ಹಿಡಿಯಬೇಕಿತ್ತು.

ಬದಲಿಸಬಹುದಾದ ಅಲಗು

ಬಿಸಾಡುವ ಅಲಗಿನ ಕ್ಷೌರದ ರೇಜರ್‌ಗೆ ಅಮೆರಿಕದ ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದರು. 1915ರಲ್ಲಿ ಮಾರ್ಗನ್ ಪಾರ್ಕರ್ ಹಿಡಿ ಮತ್ತು ಅಲಗು ಪ್ರತ್ಯೇಕವಾಗಿರುವ ಸ್ಕಾಲ್ಪೆಲ್‌ಗೆ ಪೇಟೆಂಟ್ ಪಡೆದರು. ಬಾರ್ಡ್-ಪಾರ್ಕರ್ ಸಂಸ್ಥೆ ಅದನ್ನು ಮಾರುಕಟ್ಟೆಗೆ ತಂದಿತು. ಇದರಿಂದ ಪ್ರತಿ ರೋಗಿಗೂ ಹೊಸ ಅಲಗು ದೊರೆಯುವಂತಾಯಿತು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 1932ರಲ್ಲಿ ರೇಜರ್ ಬ್ಲೇಡ್ ತಯಾರಿಕೆಗೆ ಸ್ಥಾಪನೆಯಾದ ಸ್ವಾನ್-ಮಾರ್ಟನ್ ಸಂಸ್ಥೆಯೂ ಮುಂದೆ ಇದೇ ಕ್ಷೇತ್ರಕ್ಕೆ ಬಂದಿತು.

ರಚನೆ

ಹಿಡಿಯ ತುದಿಯಲ್ಲಿ ಎರಡೂ ಬದಿ ಗಾಡಿಯಿರುವ ಕಿರಿದಾದ ಭಾಗವಿರುತ್ತದೆ. ಅಲಗಿನ ನಡುವಿನ ಸೀಳುಕಂಡಿ ಈ ಗಾಡಿಯಲ್ಲಿ ಜಾರಿ ಕೂತು ಬಿಗಿಯಾಗುತ್ತದೆ. ಅಲಗನ್ನು ಕಾರ್ಬನ್ ಉಕ್ಕು ಅಥವಾ ಸ್ಟೇನ್‌ಲೆಸ್ ಸ್ಟೀಲ್‌ನಿಂದ ತಯಾರಿಸುತ್ತಾರೆ. ಕಾರ್ಬನ್ ಉಕ್ಕು ಹೆಚ್ಚು ಹರಿತವೆಂದು ಹೆಸರಾಗಿದೆ, ಆದರೆ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕನ್ನು ತಡೆದುಕೊಳ್ಳುತ್ತದೆ. ಅಲಗುಗಳನ್ನು ಒಂದೊಂದಾಗಿ ಪೊಟ್ಟಣದಲ್ಲಿ ಮುಚ್ಚಿ, ಸಾಮಾನ್ಯವಾಗಿ ಗಾಮಾ ಕಿರಣಗಳಿಂದ ಕ್ರಿಮಿಶುದ್ಧಿ ಮಾಡುತ್ತಾರೆ. ಹಿಡಿ ಮತ್ತು ಅಲಗು ಎರಡನ್ನೂ ಒಟ್ಟಾಗಿ ಬಿಸಾಡುವ ಪ್ಲಾಸ್ಟಿಕ್ ಹಿಡಿಯ ಸ್ಕಾಲ್ಪೆಲ್‌ಗಳೂ, ಅಲಗನ್ನು ಒಳಗೆ ಎಳೆದುಕೊಳ್ಳುವ ಸುರಕ್ಷಾ ಸ್ಕಾಲ್ಪೆಲ್‌ಗಳೂ ಇವೆ.

ಸಂಖ್ಯೆಗಳು ಮತ್ತು ಆಯ್ಕೆ

ಹಿಡಿ ಮತ್ತು ಅಲಗುಗಳನ್ನು ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಸಂಖ್ಯೆಯು ಅಳತೆಯ ಕ್ರಮವನ್ನು ಸೂಚಿಸುವುದಿಲ್ಲ. 15ನೆಯ ಅಲಗು 10ನೆಯದಕ್ಕಿಂತ ಚಿಕ್ಕದು. 3ನೆಯ ಹಿಡಿಗೂ, ತೆಳುವಾಗಿ ಉದ್ದವಾಗಿರುವ 7ನೆಯ ಹಿಡಿಗೂ 10ರಿಂದ 15ರವರೆಗಿನ ಅಲಗುಗಳು ಹೊಂದುತ್ತವೆ. 4ನೆಯ ಹಿಡಿಗೆ 20ರಿಂದ ಮೊದಲಾಗುವ ದೊಡ್ಡ ಅಲಗುಗಳು ಬೇಕು. ಹೊಂದದ ಅಲಗನ್ನು ಬಲವಂತವಾಗಿ ತೂರಿಸಿದರೆ ಅದು ಮುರಿಯಬಹುದು ಅಥವಾ ಚಿಕಿತ್ಸೆಯ ನಡುವೆ ಕಳಚಬಹುದು.

• 10: ಹೊರಬಾಗಿದ ಅಂಚು. ಚರ್ಮದ ಮೇಲಿನ ಸಾಮಾನ್ಯ ಉದ್ದ ಛೇದನಕ್ಕೆ.
• 11: ತ್ರಿಕೋನಾಕಾರ, ನೇರ ಅಂಚು, ಚೂಪಾದ ಮೊನೆ. ಕೀವುಗಡ್ಡೆಯನ್ನು ತೆರೆಯಲು, ನಳಿಕೆ ತೂರಿಸುವ ಸಣ್ಣ ರಂಧ್ರಕ್ಕೆ. ಮೊನೆ ಬೇಗ ಆಳಕ್ಕೆ ಇಳಿಯುವುದರಿಂದ ಹೆಚ್ಚಿನ ಎಚ್ಚರ ಬೇಕು.
• 12: ಕುಡುಗೋಲಿನಂತೆ ಬಾಗಿ, ಒಳ ಅಂಚು ಹರಿತವಾಗಿರುವುದು. ಹೊಲಿಗೆ ತೆಗೆಯಲು, ದಂತಚಿಕಿತ್ಸೆಗೆ.
• 15: 10ರ ಚಿಕ್ಕ ರೂಪ. ಮುಖ, ಬೆರಳು, ಮಕ್ಕಳ ಚಿಕಿತ್ಸೆ ಮುಂತಾದ ನಾಜೂಕಿನ ಕೆಲಸಕ್ಕೆ.
• 20, 21, 22: 10ರ ಆಕಾರದ ದೊಡ್ಡ ಅಲಗುಗಳು. ಹೊಟ್ಟೆಯ ದೊಡ್ಡ ಛೇದನಗಳಿಗೆ, ಮರಣೋತ್ತರ ಪರೀಕ್ಷೆಗೆ.
• 23: ಎಲೆಯಾಕಾರದ ದೊಡ್ಡ ಅಲಗು. ಉದ್ದವಾದ ಛೇದನಗಳಿಗೆ.

ಹಿಡಿಯುವ ಕ್ರಮ

ಉದ್ದವಾದ ಛೇದನಕ್ಕೆ ಸ್ಕಾಲ್ಪೆಲನ್ನು ಪಿಟೀಲಿನ ಕಮಾನಿನಂತೆ, ಹಿಡಿ ಅಂಗೈಯ ಕೆಳಗೆ ಬರುವಂತೆ ಹಿಡಿಯಲಾಗುತ್ತದೆ. ಆಗ ಅಲಗಿನ ಬಾಗಿದ ಭಾಗವೆಲ್ಲ ಕೆಲಸಕ್ಕೆ ಬರುತ್ತದೆ. ನಾಜೂಕಿನ ಕೆಲಸಕ್ಕೆ ಪೆನ್ಸಿಲಿನಂತೆ ಹಿಡಿಯುವುದು ರೂಢಿ. ಚಲನೆ ಬೆರಳುಗಳಿಂದ ಬರುತ್ತದೆ, ಕಿರುಬೆರಳು ಆಧಾರವಾಗಿರುತ್ತದೆ. ಭೇದನದ ಶಸ್ತ್ರವನ್ನು ಹಿಡಿ ಮತ್ತು ಅಲಗು ಕೂಡುವೆಡೆಯಲ್ಲಿ ಹಿಡಿಯಬೇಕೆಂದು ಸುಶ್ರುತ ಸಂಹಿತೆಯೂ ಹೇಳುತ್ತದೆ.

ಛೇದನದ ವೇಳೆ ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಚರ್ಮಕ್ಕೆ ಲಂಬವಾಗಿ ಇರಿಸಲಾಗುತ್ತದೆ. ಓರೆಯಾದರೆ ಗಾಯದ ಒಂದು ಅಂಚು ತೆಳುವಾಗಿ, ಕೂಡಿಕೊಳ್ಳಲು ತಡವಾಗುತ್ತದೆ. ಹಿಂದೆ ಮುಂದೆ ಗರಗಸದಂತೆ ಆಡಿಸದೆ ಒಂದೇ ಸಮನಾದ ಎಳೆತದಲ್ಲಿ ಕೊಯ್ಯುವುದು ಕ್ರಮ. ಚರ್ಮದ ಸಹಜ ಎಳೆತದ ರೇಖೆಗಳನ್ನು ಆಸ್ಟ್ರಿಯದ ಕಾರ್ಲ್ ಲ್ಯಾಂಗರ್ 1861ರಲ್ಲಿ ವಿವರಿಸಿದರು. ಇಂತಹ ರೇಖೆಗಳಿಗೆ ಸಮಾನಾಂತರವಾದ ಛೇದನದ ಕಲೆ ಸಾಮಾನ್ಯವಾಗಿ ತೆಳುವಾಗಿರುತ್ತದೆ.

ಜೋಡಣೆ ಮತ್ತು ಹಸ್ತಾಂತರ

ಪೊಟ್ಟಣವನ್ನು ತೆರೆಯುವ ಮೊದಲು ಅಲಗಿನ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಮತ್ತು ಪೊಟ್ಟಣ ಹರಿದಿಲ್ಲವೆಂಬುದನ್ನು ನೋಡಲಾಗುತ್ತದೆ. ಅಲಗನ್ನು ಬೆರಳಿನಿಂದ ಜೋಡಿಸುವುದು ಅಪಾಯಕರ. ಸೂಜಿ ಹಿಡಿಯುವ ಇಕ್ಕಳದಿಂದ ಅದರ ಹರಿತವಲ್ಲದ ಬೆನ್ನನ್ನು ಹಿಡಿದು, ಗಾಡಿಯಲ್ಲಿ ಜಾರಿಸಿ ಕೂರಿಸುತ್ತಾರೆ. ಕಳಚುವಾಗ ಅಲಗಿನ ಹಿಂತುದಿಯನ್ನು ಇಕ್ಕಳದಿಂದ ಸ್ವಲ್ಪ ಮೇಲೆತ್ತಿ, ಮೈಯಿಂದ ಮತ್ತು ಇತರರಿಂದ ದೂರಕ್ಕೆ ಜಾರಿಸಲಾಗುತ್ತದೆ. ಇದಕ್ಕೆಂದೇ ತಯಾರಿಸಿದ ಕಳಚುವ ಪೆಟ್ಟಿಗೆಗಳೂ ದೊರೆಯುತ್ತವೆ.

ಗಾಯಗಳು ಸಂಭವಿಸುವ ಒಂದು ಮುಖ್ಯ ಹಂತವೆಂದರೆ ಸ್ಕಾಲ್ಪೆಲ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಕ್ಷಣ. ಅದನ್ನು ತಪ್ಪಿಸಲು ತಟ್ಟೆಯೊಂದನ್ನು ನಡುವೆ ಇಟ್ಟು, ಒಬ್ಬರು ಅದರಲ್ಲಿ ಇರಿಸಿದ ಮೇಲೆ ಇನ್ನೊಬ್ಬರು ಎತ್ತಿಕೊಳ್ಳುವ ಕ್ರಮವಿದೆ. ಇರಿಸುವಾಗ ಬಾಯಿಬಿಟ್ಟು ಹೇಳುವುದೂ ರೂಢಿ. ಗಾಯವನ್ನು ಮುಚ್ಚುವ ಮೊದಲು ಅಲಗುಗಳನ್ನೂ ಎಣಿಸಲಾಗುತ್ತದೆ. ಅಲಗು ಮುರಿದಿದ್ದರೆ ಎಲ್ಲ ಚೂರುಗಳೂ ಸಿಗಬೇಕು.

ಗಾಯವಾದಾಗ

ಬಳಸಿದ ಅಲಗು ತಗುಲಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕು ಹರಡುವ ಸಂಭವವಿದೆ. ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಹಿಂಡುವುದಾಗಲಿ ಬೆರಳನ್ನು ಬಾಯಿಗೆ ಇಡುವುದಾಗಲಿ ಸಲ್ಲದು. ಘಟನೆಯನ್ನು ಮುಚ್ಚಿಡದೆ ತಕ್ಷಣ ವರದಿ ಮಾಡುವುದು ಅತ್ಯಗತ್ಯ: ಎಚ್‌ಐವಿ ತಡೆಯುವ ಔಷಧಿಯನ್ನು ಸಾಧ್ಯವಾದಷ್ಟು ಬೇಗ, 72 ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಹೆಪಟೈಟಿಸ್ ಬಿ ವಿರುದ್ಧ ಲಸಿಕೆ ಲಭ್ಯವಿದ್ದು, ಆರೋಗ್ಯ ಸಿಬ್ಬಂದಿ ಅದನ್ನು ಮೊದಲೇ ಪಡೆದಿರಬೇಕು.

ವಿಲೇವಾರಿ

ಭಾರತದ ಜೀವವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಸೂಜಿ, ಸ್ಕಾಲ್ಪೆಲ್ ಮತ್ತು ಅಲಗುಗಳನ್ನು ಚುಚ್ಚಿದರೆ ತೂತಾಗದ, ಸೋರದ, ಬಿಳಿಯ ಅರೆಪಾರದರ್ಶಕ ಡಬ್ಬಿಯಲ್ಲಿ ಹಾಕಬೇಕು. ಬಳಿಕ ಅವನ್ನು ಆಟೋಕ್ಲೇವ್ ಅಥವಾ ಒಣ ಶಾಖದಿಂದ ಶುದ್ಧೀಕರಿಸಿ, ಚೂರು ಮಾಡುವುದು ಅಥವಾ ಲೋಹದ ಪಾತ್ರೆ ಇಲ್ಲವೇ ಕಾಂಕ್ರೀಟಿನಲ್ಲಿ ಹುದುಗಿಸುವುದು ವಿಧಿ. ಸಾಮಾನ್ಯ ಕಸದಲ್ಲಿ ಸೇರಿದ ಅಲಗು ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಗೂ, ಪೌರಕಾರ್ಮಿಕರಿಗೂ, ಚಿಂದಿ ಆಯುವವರಿಗೂ ಗಾಯಮಾಡಬಲ್ಲದು. ಅದು ಯಾರ ದೇಹವನ್ನು ಸ್ಪರ್ಶಿಸಿತ್ತೆಂಬುದು ಗೊತ್ತಿಲ್ಲದ ಕಾರಣ ಇಂತಹ ಗಾಯದ ಚಿಕಿತ್ಸೆ ಇನ್ನಷ್ಟು ಕಷ್ಟವಾಗುತ್ತದೆ.

ಇತರ ಛೇದನ ಸಾಧನಗಳು

1926ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು ವಿಲಿಯಂ ಬೋವಿ ರೂಪಿಸಿದ ವಿದ್ಯುತ್ ಉಪಕರಣವನ್ನು ಬಳಸಿದರು. ಕೊಯ್ಯುತ್ತಲೇ ರಕ್ತಸ್ರಾವವನ್ನೂ ತಡೆಯುವ ಇಂತಹ ಉಪಕರಣಗಳು, ಲೇಸರ್ ಮತ್ತು ಶ್ರವಣಾತೀತ ಧ್ವನಿಯ ಸಾಧನಗಳು ಇಂದು ಬಳಕೆಯಲ್ಲಿವೆ. ಇವು ಶಾಖದಿಂದ ಅಂಚಿನ ಅಂಗಾಂಶವನ್ನು ಸ್ವಲ್ಪಮಟ್ಟಿಗೆ ಸುಡುತ್ತವೆ. ಉಕ್ಕಿನ ಅಲಗಿನಲ್ಲಿ ಆ ತೊಂದರೆಯಿಲ್ಲ. ಚರ್ಮದ ಮೊದಲ ಛೇದನಕ್ಕೆ ಸ್ಕಾಲ್ಪೆಲ್ ಇಂದಿಗೂ ವ್ಯಾಪಕವಾಗಿ ಬಳಕೆಯಾಗುತ್ತಿದೆ.